ಲಕ್ಷ ಮಂದಿ ಬಂದ್ರು ಸರಿ, ರೊಕ್ಕ ಎಲ್ಲಿ ವಸ್ತಿ ಮಾಡ್ತು?

ಎಲ್ಲಾರಿಗೂ ನಮಸ್ಕಾರ್ರೀ, ಗಂಗಾವತಿಯಿಂದ ನಿಮ್ಮ ಅದ ತಲಿಹರಟಿ ಮನಷ್ಯಾ ಮತ್ತ ಬಂದಾನ. ಇವತ್ತು ಖರೇ ಹೇಳ್ಬೇಕಂದ್ರ ಭತ್ತದ ರೇಟಿನ ಬಗ್ಗೆ ವಿಡಿಯೋ ಮಾಡಬೇಕಿತ್ತು, ಎರಡು ಹಾಳಿ ಬರ್ಕೊಂಡು ಕುಂತಿದ್ದೆ. ಆದ್ರ ಮುಂಜಾನಿ ಎದ್ದು ಫೋನ್ ತಗದ್ರ ಹೋದ ವಿಡಿಯೋದ ಕೆಳಗ ಒಂದು ಕಮೆಂಟ್. ಓದ್ತೀನಿ ಕೇಳ್ರಿ. "ಬ್ರೋ, ಹಂಪಿ ಅಂಜನಾದ್ರಿ ಪಕ್ಕದಲ್ಲಿ ಇಟ್ಕೊಂಡು ಬಡತನ ಬಡತನ ಅಂತ ಅಳ್ತೀರಲ್ಲ, ಶ್ರೀಲಂಕಾ ಮಾಲ್ಡೀವ್ಸ್ ನೋಡಿ ಕಲೀರಿ, ಲಕ್ಷ ಲಕ್ಷ ಜನ ಬರ್ತಿದಾರೆ, ಇನ್ನೇನು ಬೇಕು?" ಕೆಳಗ ಮೂರು ಬೆಂಕಿ ಇಮೋಜಿ ಬ್ಯಾರೆ.

ಇನ್ನೇನು ಬೇಕು ಅಂತ! ಅರ್ಧ ತಾಸು ಆ ಕಮೆಂಟ್ ನೋಡ್ಕೊಂತ ಚಾ ಆರಿಸ್ಕೊಂಡೆ. ಲಕ್ಷ ಮಂದಿ ಬರ್ತಾರ ಮಾರಾಯಾ, ನಾ ಇಲ್ಲ ಅಂದಿಲ್ಲ, ಹನುಮಪ್ಪ ಹುಟ್ಟಿದ ಗುಡ್ಡ ಅಂತ ಮಂದಿ ನಂಬೋ ನಮ್ಮ ಅಂಜನಾದ್ರಿಗೆ, ಭಕ್ತರು ಮಾಲಿ ಹಾಕ್ಕೊಂಡು ಬರೋ ಹನುಮಮಾಲಿ ಟೈಮಿಗೆ ಬಂದು ನೋಡು, ರಸ್ತಿ ಮ್ಯಾಲೆ ಕಾಲಿಡಾಕ ಜಾಗ ಇರಂಗಿಲ್ಲ. ನಾ ಕೇಳೋದು ಒಂದ ಪ್ರಶ್ನಿ. ಆ ಮಂದಿ ರೊಕ್ಕ ರಾತ್ರಿ ಎಲ್ಲಿ ವಸ್ತಿ ಮಾಡ್ತೈತಿ?

ಬೆಂಗಳೂರಾಗ ಕುಂತು ನೋಡಾಕತ್ತವ್ರಿಗೆ ವಸ್ತಿ ಅಂದ್ರ ಗೊತ್ತಾಗಲಿಕ್ಕಿಲ್ಲ. ನಮ್ ಕಡಿ ವಸ್ತಿ ಬಸ್ ಅಂತ ಇರ್ತೈತಿ. ರಾತ್ರಿ ಎಂಟು ಒಂಬತ್ತಕ್ಕ ಹಳ್ಳಿಗೆ ಬಂದು ನಿಲ್ತೈತಿ, ಡ್ರೈವರ್ ಕಂಡಕ್ಟರ್ ಗುಡಿ ಕಟ್ಟಿ ಮ್ಯಾಲೋ ಬಸ್ಸಿನಾಗೋ ಮಲಗ್ತಾರ, ಯಾರದೋ ಮನಿಯಿಂದ ಎರಡು ರೊಟ್ಟಿ ಬರ್ತಾವ, ಮುಂಜಾನಿ ಐದೂವರಿಗೆ ಅದ ಬಸ್ಸು ಹಾಲಿನ ಕ್ಯಾನು, ಕಾಲೇಜ್ ಹುಡುಗ್ರು, ದವಾಖಾನಿಗೆ ಹೋಗೋ ಮುದುಕಿ ಎಲ್ಲಾರನ್ನೂ ಹತ್ತಿಸ್ಕೊಂಡು ಹೋಗ್ತೈತಿ. ಊರಿಗೆ ಉಪಯೋಗ ಆಗೋದು ಅದು. ನಾನ್ ಸ್ಟಾಪ್ ಬಸ್ಸು ಊರ ಮುಂದ ದಿನಕ್ಕ ನೂರು ಹೋದ್ರ ಏನ್ ಬಂತು? ಧೂಳು. ನಮ್ಮ ಟೂರಿಸಂ ರೊಕ್ಕ ನಾನ್ ಸ್ಟಾಪ್ ಬಸ್ಸು. ಇಷ್ಟ ನಾ ಹೇಳೋದು, ವಿಡಿಯೋ ಮುಗೀತು ಅಂತ ಎದ್ದು ಹೋಗಬ್ಯಾಡ್ರಿ ಮತ್ತ, ಲೈಕ್ ಮಾಡಿ ಕುಂದರ್ರಿ.

ಹೋದ ಭಾನುವಾರ ಅಂಜನಾದ್ರಿ ಕೆಳಗ ನಮ್ಮ ಸಂಬಂಧಿಕರ ಎಳನೀರಿನ ಗಾಡಿ ಹತ್ರ ಕುಂತಿದ್ದೆ. ಒಂದು ದೊಡ್ಡ ಟೂರಿಸ್ಟ್ ಬಸ್ ಬಂತು, ಐವತ್ತು ಮಂದಿ. ಡಿಕ್ಕಿ ತಗದ್ರು. ಏನ್ ಬಂತು ಗೊತ್ತೇನು ಅದರಾಗಿಂದ? ಗ್ಯಾಸ್ ಸಿಲಿಂಡರ್, ಒಲಿ, ಅಡಗಿ ಭಟ್ಟ, ಚಿತ್ರಾನ್ನದ ಡಬರಿ, ನೀರಿನ ಕ್ಯಾನು. ನೀರೂ ಅವ್ರದ! 575 ಮೆಟ್ಲ ಹತ್ತಿದ್ರು, ಇಳದ್ರು, ಉಂಡ್ರು, ಪೇಪರ್ ಪ್ಲೇಟ್ ಅಲ್ಲೇ ಬಿಟ್ರು, ಹೊಂಟ್ರು. ರಾತ್ರಿ ವಸ್ತಿ ಎಲ್ಲಿ ಅಂತ ಡ್ರೈವರಣ್ಣನ್ನ ಕೇಳಿದೆ, "ಹೊಸಪೇಟಿಯಾಗ ರೂಮ್ ಬುಕ್ ಐತ್ರಿ" ಅಂದ. ಹೊಸಪೇಟಿ ಅಂದ್ರ ಬಾಜು ಜಿಲ್ಲಾ, ವಿಜಯನಗರ. ಐವತ್ತು ಮಂದಿಯಿಂದ ನಮ್ಮ ಗಾಡಿಗೆ ಬಂದದ್ದು ಎರಡು ಎಳನೀರಿನ ರೊಕ್ಕ, ಅದ್ರಾಗೂ ಒಬ್ಬವ ಚೌಕಾಸಿ ಮಾಡಿದ. ಲೆಕ್ಕದಾಗ ಮಾತ್ರ ಅವ್ರೆಲ್ಲಾ ಕೊಪ್ಪಳ ಜಿಲ್ಲೆಗೆ ಬಂದ ಪ್ರವಾಸಿಗರು, ಐವತ್ತು ತಲಿ. ತಲಿ ಎಣಿಸ್ತಾರ್ರೀ, ಕಿಸೆ ಎಣಿಸಂಗಿಲ್ಲ.

ಹೊಸಪೇಟಿಯವ್ರು ಸಿಟ್ಟಾಗಬ್ಯಾಡ್ರಿ, ನಿಮ್ಮಲ್ಲೂ ಅದ ಕಥಿ. ಹೋಟೆಲ್ ನಿಮ್ಮೂರಾಗ ಇರಬಹುದು, ಮಾಲೀಕ ಎಲ್ಲಿ ಮಲಗ್ತಾನ? ರೂಮ್ ಬುಕ್ ಮಾಡಿದ ಆಪಿನ ಕಮಿಷನ್ ಎಲ್ಲಿ ಮಲಗ್ತೈತಿ? ಹಂಪಿ ವಿಠ್ಠಲ ಗುಡಿ ಟಿಕೆಟ್ಟು ನಮ್ಮಂಥವ್ರಿಗೆ 40 ರೂಪಾಯಿ, ಫಾರಿನ್ನವ್ರಿಗೆ 600, ಆ ರೊಕ್ಕ ಸೀದಾ ದಿಲ್ಲಿ. ದಿಲ್ಲಿಯವ್ರು ವಾಪಸ್ ಖರ್ಚು ಮಾಡ್ತಾರ ಅಂತೀರಿ, ಮಾಡ್ಲಿ, ಅಲ್ಲಿಂದ ಇಲ್ಲಿಗೆ ಬರೋದ್ರಾಗ ಎಷ್ಟು ಸ್ಟಾಪ್ ಅದಾವ ಅಂತ ನಿಮಗ ಗೊತ್ತಿಲ್ಲೇನು? ಐವತ್ತು ರೂಪಾಯಿ ಹೊಸಾ ನೋಟು ತಿರುಗಿಸಿ ನೋಡ್ರಿ, ಹಿಂದ ಹಂಪಿ ಕಲ್ಲಿನ ರಥ. ರಥದ ಚಿತ್ರ ನೋಟಿನ ಮ್ಯಾಲೆ ದೇಶ ಎಲ್ಲಾ ತಿರಗ್ತೈತಿ, ನೋಟು ಮಾತ್ರ ರಥದ ಕಡಿ ಬರಂಗಿಲ್ಲ. ಸಂವಿಧಾನದ 371ಜೆ ಕಲಮಿನ ಒಳಗ ನಮ್ಮ ಕಲ್ಯಾಣ ಕರ್ನಾಟಕದ ಹುಡುಗ್ರಿಗೆ ಮೀಸಲಾತಿ ಕೊಟ್ರು, ರೊಕ್ಕಕ್ಕೂ ಒಂದು ಮೀಸಲಾತಿ ಕೊಟ್ಟಿದ್ರ ಚೊಲೋ ಇತ್ತು.

ಈಗ ಶ್ರೀಲಂಕಾಕ್ಕ ಬರೋಣ, ಕಲೀರಿ ಅಂದ್ಯಲ್ಲಪಾ ತಮ್ಮಾ, ಕಲಿಯೋಣ ಬಾ. 2018ರಾಗ ಅಲ್ಲಿಗೆ 23 ಲಕ್ಷ ಮಂದಿ ಬಂದ್ರು, 400 ಕೋಟಿ ಡಾಲರ್‌ಕಿಂತ ಹೆಚ್ಚು ಗಳಿಕಿ. ಎಲ್ಲಾ ಪೇಪರ್‌ನಾಗ ಬೆಂಕಿ ಇಮೋಜಿ. ಮುಂದಿನ ವರ್ಷ ಏಪ್ರಿಲ್ 21, ಈಸ್ಟರ್ ದಿನ ಬಾಂಬ್ ಆತು, ಟೂರಿಸ್ಟ್ ನಿಂತ್ರು. ಅದ್ರ ಬೆನ್ನಿಗೆ ಕೊರೋನಾ, ಪೂರಾ ಬಂದ್. 2022ರ ಏಪ್ರಿಲ್‌ನಾಗ ಹೊರಗಿನ ಸಾಲ ಕಟ್ಟಾಕ ಆಗಂಗಿಲ್ಲ ಅಂತ ದೇಶನ ಕೈ ಎತ್ತಿತು, ಪೆಟ್ರೋಲ್‌ಗೆ ಮೈಲಿಗಟ್ಟಲೆ ಪಾಳಿ. ಈಗ ಯಾರೋ ಒಬ್ರು ಬರೀತೀರಿ ನಂಗೊತ್ತು, "ಸರ್, ಅದು 2019ರಲ್ಲಿ ಟ್ಯಾಕ್ಸ್ ಇಳಿಸಿದ್ದಕ್ಕೆ, 2021ರಲ್ಲಿ ರಾಸಾಯನಿಕ ಗೊಬ್ಬರ ಬಂದ್ ಮಾಡಿದ್ದಕ್ಕೆ, ಸಾಲಕ್ಕೆ." ಹೌದ್ರೀ ಪ್ರೊಫೆಸರ್ರ, ಅವೂ ಕಾರಣ, ನಾನೂ ಯೂಟ್ಯೂಬ್ ನೋಡ್ತೀನಿ. ಆದ್ರ ನಾ ಕೇಳೋದು, 400 ಕೋಟಿ ಡಾಲರ್ ಒಂದು ವರ್ಷಕ್ಕ ಬಂತಲ್ಲ, ಎರಡು ವರ್ಷ ಮಳಿ ಬರಲಿಲ್ಲ ಅಂದ್ರ ತಡಕೊಳ್ಳೋವಷ್ಟರ ಹಗೇವಿನಾಗ ಕಾಳು ನಿಲ್ಲಬೇಕಿತ್ತೋ ಇಲ್ಲೋ? ನಿಲ್ಲಲಿಲ್ಲ. ಯಾಕ? ವಸ್ತಿ ಮಾಡ್ಲಿಲ್ಲ. ಬಂದ ಡಾಲರ್ ಪೆಟ್ರೋಲಿಗೆ, ಔಷಧಕ್ಕ, ಸಾಲದ ಬಡ್ಡಿಗೆ ಅಂತ ಹೊಳ್ಳಿ ಹಡಗು ಹತ್ತಿತು. ಈಗ ಮತ್ತ 2024ರಾಗ 20 ಲಕ್ಷ ಮಂದಿ ಬಂದಾರ, ಛಲೋ ಆತು, ನಾನೇನು ಶ್ರೀಲಂಕಾದ ವೈರಿ ಅಲ್ಲ.

ಮಾಲ್ಡೀವ್ಸ್! ಇದ್ರ ಬಗ್ಗೆ ಮಾತಾಡಾಕ ನಂಗ ಭಾಳ ಖುಷಿ. ಆ ದೇಶದ ಮಂದಿನ ಐದು ಲಕ್ಷದ ಆಜೂಬಾಜು, 2024ರಾಗ ಬಂದ ಪ್ರವಾಸಿಗರು 20 ಲಕ್ಷಕ್ಕೂ ಹೆಚ್ಚು. ಅಂದ್ರ ಮನಿ ಮಂದಿ ಒಬ್ಬ, ಬೀಗರು ನಾಕು ಮಂದಿ. ವರ್ಷಾನುಗಟ್ಟಲೆ ಅಲ್ಲಿ ಏನ್ ನಡೀತಿತ್ತಂದ್ರ, ಟೂರಿಸ್ಟು ವಿಮಾನ ಇಳದು, ಬೋಟ್ ಹತ್ತಿ, ಯಾರೂ ವಾಸ ಇಲ್ಲದ ದ್ವೀಪದ ರೆಸಾರ್ಟಿಗೆ ಹೋಗಿ, ಅಲ್ಲೇ ಉಂಡು, ಅಲ್ಲೇ ಮಲಗಿ, ವಾಪಸ್ ವಿಮಾನ. ಊಟದ ಸಾಮಾನು ಹೊರದೇಶದ್ದು, ಕೆಲಸದವ್ರಾಗೂ ಭಾಳ ಮಂದಿ ಹೊರದೇಶದವ್ರು. ಮಂದಿ ಬಾಳ್ವಿ ಮಾಡೋ ದ್ವೀಪದಾಗ ಟೂರಿಸ್ಟ್ ಮಲಗಾಕ ಬಿಡ್ತಿದ್ದಿಲ್ಲ. ಕೇಳಿದ್ರೇನು? ವಸ್ತಿಗೆ ಬಿಡ್ತಿದ್ದಿಲ್ಲ! 2009-10ರ ಸುಮಾರಿಗೆ ಆ ರೂಲ್ಸ್ ಬದಲಿ ಮಾಡಿದ್ರು, ಊರಾಗಿನವ್ರೂ ಗೆಸ್ಟ್ ಹೌಸ್ ಇಡಬಹುದು ಅಂತ. ಮಾಫುಶಿ ಅಂತ ಒಂದು ದ್ವೀಪ ಐತಿ, ಮ್ಯಾಪ್‌ನಾಗ ನೋಡ್ರಿ, ಈಗ ಊರ ತುಂಬ ಗೆಸ್ಟ್ ಹೌಸು. ಅಲ್ಲಿ ಮೀನು ಹಿಡಿಯೋವನ ಮಗ ರೂಮ್ ಬಾಡಿಗಿ ತಗೋತಾನ, ಪಕ್ಕದ ಮನಿಯಾಕಿ ಅಡಗಿ ಮಾಡ್ತಾಳ, ಇನ್ನೊಬ್ಬವ ಬೋಟ್ ಬಿಡ್ತಾನ. ಮಾಲ್ಡೀವ್ಸ್ ನೋಡಿ ಕಲೀರಿ ಅಂದವ ಇದನ್ನ ನೋಡಿ ಕಲಿ ಅಂದಿದ್ರ ನಾ ಅವಂಗ ಎಳನೀರು ಕುಡಿಸ್ತಿದ್ದೆ.

ಭೂತಾನ್‌ದವ್ರು ಇನ್ನೂ ಶಾಣ್ಯಾರು. ಅಲ್ಲಿ ಟೂರಿಸ್ಟ್ ಮ್ಯಾಲೆ ಒಂದೊಂದು ರಾತ್ರಿಗೆ ಶುಲ್ಕ, ಈಗ 100 ಡಾಲರ್, ನಮ್ಮ ಇಂಡಿಯಾದವ್ರಿಗೆ 1200 ರೂಪಾಯಿ. ರಾತ್ರಿಗೆ ರೀ, ರಾತ್ರಿಗೆ. ತಲಿ ಎಣಿಸೋದು ಬಿಟ್ಟು ವಸ್ತಿ ಎಣಿಸ್ತಾರ. 2022ರಾಗ 200 ಡಾಲರ್ ಮಾಡಿ ಮಂದಿ ಬರಲಿಲ್ಲ ಅಂತ ಮರುವರ್ಷ ಅರ್ಧಕ್ಕ ಇಳಿಸಿದ್ರು, ಅದು ಬ್ಯಾರೆ ಮಾತು, ಅದನ್ನ ಹಿಡ್ಕೊಂಡು ಕಮೆಂಟ್ ಹಾಕಬ್ಯಾಡ್ರಿ.

ಇನ್ನ ನೇಪಾಳ. ಎವರೆಸ್ಟ್ ಇಟ್ಕೊಂಡು ಕುಂತ ದೇಶ, ಅದಕ್ಕಿಂತ ದೊಡ್ಡ ಗುಡ್ಡ ಜಗತ್ತಿನಾಗ ಇಲ್ಲ. ಆದ್ರೂ ಆ ದೇಶದ ಮನಿ ನಡಸೋದು ಗುಡ್ಡ ಅಲ್ಲ, ಗಲ್ಫ್, ಮಲೇಷ್ಯಾ, ನಮ್ಮ ದೇಶಕ್ಕ ದುಡಿಯಾಕ ಹೋದ ಹುಡುಗ್ರು ಕಳಿಸೋ ರೊಕ್ಕ. ಜಿಡಿಪಿಯ ಸುಮಾರು ಕಾಲು ಭಾಗ ಅದ. ಇದನ್ನ ಓದಿದಾಗ ನಂಗ ನಮ್ಮ ರಾಯಚೂರು ಕೊಪ್ಪಳದ ಗುಳೆ ನೆನಪಾತು. ಅಂಜನಾದ್ರಿ ನೋಡಾಕ ಬೆಂಗಳೂರಿಂದ ಬಸ್ ಬರ್ತಾವ, ಅಂಜನಾದ್ರಿ ಕೆಳಗಿನ ಹುಡುಗ್ರು ಗಂಟುಮೂಟಿ ಕಟ್ಕೊಂಡು ಬೆಂಗಳೂರಿಗೆ ಗಾರೆ ಕೆಲಸಕ್ಕ ಹೋಗ್ತಾರ. ಬಸ್ಸು ಬಸ್ಸು ಎದುರಾಬದುರಾ ಹಾಯ್ತಾವ, ಚಿತ್ರದುರ್ಗದ ಹತ್ರ ಒಂದ ಡಾಬಾದಾಗ ಊಟಕ್ಕೂ ನಿಲ್ತಾವ!

ನಮ್ಮಲ್ಲೂ ರೊಕ್ಕ ವಸ್ತಿ ಮಾಡಿದ್ದನ್ನ ನಾ ಕಣ್ಣಾರೆ ಕಂಡೀನಿ. ವಿರುಪಾಪುರ ಗಡ್ಡಿ, ಹಂಪಿ ಎದುರಿಗೆ ತುಂಗಭದ್ರಾ ಹೊಳಿಯಾಗಿನ ನಡುಗಡ್ಡಿ. ಫಾರಿನ್ನವ್ರು ಬಂದ್ರ ತಿಂಗಳಾನುಗಟ್ಟಲೆ ಇರೋರು, ಬಾಳಿಹಣ್ಣಿನ ಪ್ಯಾನ್‌ಕೇಕ್ ಅಂತ ತಿನ್ನೋರು. ಹಣ್ಣು ನಮ್ಮ ಸುಗಂಧಿ ಬಾಳಿ, ಹಾಲು ನಮ್ಮ ಎಮ್ಮಿದು, ಮಾಡೋವ ನಮ್ಮ ಹುಡುಗ, ದಾಟ್ಸೋವ ನಮ್ಮ ಹರಿಗೋಲಿನವ. ಒಂದು ಪ್ಯಾನ್‌ಕೇಕಿನ ರೊಕ್ಕ ನಾಕು ಮನಿಯಾಗ ವಸ್ತಿ. ಅಲ್ಲಿ ಕಟ್ಟಡ ಅಕ್ರಮ ಇದ್ವು, ಸುಪ್ರೀಂ ಕೋರ್ಟ್ ಹೇಳಿತು, 2020ರಾಗ ತೆಗೆದ್ರು. ಕೋರ್ಟಿನ ಮಾತಿಗೆ ನಾ ಎದುರು ಮಾತಾಡಂಗಿಲ್ಲ, ಹಂಪಿ 1986ರಿಂದ ಯುನೆಸ್ಕೋ ಪಟ್ಟಿಯಾಗ ಐತಿ, ಕಾಪಾಡಬೇಕು, ಸರಿ. ಆದ್ರ ಒಂದು ವಸ್ತಿ ಎಬ್ಬಿಸಿದ ಮ್ಯಾಲೆ ಇನ್ನೊಂದು ಕಡಿ ಸಕ್ರಮ ವಸ್ತಿ ಹಾಕಿಕೊಡಬೇಕಲ್ಲ? 2025ರ ಮಾರ್ಚ್‌ನಾಗ ಇಲ್ಲೇ ಸಣಾಪುರದ ಕಾಲುವಿ ದಂಡಿಗೆ ರಾತ್ರಿ ಪ್ರವಾಸಿಗರ ಮ್ಯಾಲೆ ದಾಳಿ ಆತು, ಬಂದಿದ್ದ ಹುಡುಗನೊಬ್ಬನ ಜೀವ ಹೋತು. ಅದ್ರ ಮ್ಯಾಲೆ ನಾ ಹಾಸ್ಯ ಮಾಡಂಗಿಲ್ಲ. ಆಮ್ಯಾಲೆ ಬುಕಿಂಗ್ ಕ್ಯಾನ್ಸಲ್ ಆದ್ವು, ಹೋಂಸ್ಟೇ ನಂಬಿದ್ದವ್ರು ಎಷ್ಟೋ ಮಂದಿ ಕೈಕಟ್ಟಿ ಕುಂತ್ರು. ಮಂದಿ ನಿರ್ಭಯದಾಗ ಮಲಗಿದ್ರ ರೊಕ್ಕಾನೂ ಮಲಗ್ತೈತಿ.

ಏರ್‌ಪೋರ್ಟ್ ಬರಬೇಕು, ಗಾಜಿನ ಸೇತುವಿ ಬರಬೇಕು, ಫೈವ್ ಸ್ಟಾರ್ ಬರಬೇಕು ಅಂತೀರಿ. ಬರ್ಲಿ ಅಪಾ, ಬರ್ಲಿ! ಫೈವ್ ಸ್ಟಾರ್‌ನಾಗ ಗಂಗಾವತಿ ಸೋನಾ ಮಸೂರಿ ಬೇಯ್ತೈತೇನು? ನಮ್ಮ ಕೊಪ್ಪಳದ ಕಿನ್ನಾಳ ಕಟಿಗಿ ಗೊಂಬಿಗೆ, ಈ ಊರಿಂದ ಅಂತ ಗುರುತಿಸೋ ಜಿಐ ಟ್ಯಾಗ್ ಐತಿ, ಅದು ಕೌಂಟರ್ ಮ್ಯಾಲೆ ಕುಂದರ್ತೈತೇನು? ಹೋದ ತಿಂಗಳು ಒಂದು ಅಂಗಡ್ಯಾಗ ಕಲ್ಲಿನ ರಥದ ಕೀಚೈನ್ ತಗೊಂಡೆ, ಎಲ್ಲಿ ಮಾಡ್ತಾರ ಅಂದ್ರ "ದಿಲ್ಲಿಯಿಂದ ಬರ್ತಾವಣ್ಣ" ಅಂದ. ರಥಾನೂ ದಿಲ್ಲಿಯಾಗ ವಸ್ತಿ!

ಹಾಂ, ನೆನಪಾತು ನೋಡ್ರಿ, ನಮ್ಮ ಚಾನೆಲ್ ಟೀ ಶರ್ಟ್ ಬಂದಾವ. ಕರಿ ಬಣ್ಣ, ಎದಿ ಮ್ಯಾಲೆ "ರೊಕ್ಕ ಎಲ್ಲಿ ವಸ್ತಿ?" ಅಂತ ದೊಡ್ಡ ಅಕ್ಷರ. ಲಿಂಕ್ ಕೆಳಗ ಐತಿ, ತಗೊಂಡು ನಮ್ಮ ಭಾಗದ ಧ್ವನಿಗೆ... ಏನೋ? ಏನ್ ನಗಾಕತ್ತೀಯೋ ಕ್ಯಾಮೆರಾ ಹಿಂದ? ಅಳಿಯಾ ಏನೋ ಅಂತಾನ ನೋಡ್ರಿ. "ಮಾಮಾ, ಟೀ ಶರ್ಟ್ ತಿರುಪ್ಪೂರಿಂದ ತರಿಸಿದ್ದಲ್ಲ" ಅಂತ. ಲೇ, ಬಟ್ಟಿ ತಿರುಪ್ಪೂರಿಂದ, ಅಕ್ಷರ ನಮ್ದು! ಯೂಟ್ಯೂಬ್ ಜಾಹೀರಾತಿನ ರೊಕ್ಕ ಎಲ್ಲಿ ವಸ್ತಿ ಅಂತಾನೂ ಕೇಳ್ತಾನ. ಅದು ಬ್ಯಾರೆ. ಅದು ಡಿಜಿಟಲ್. ಅದಕ್ಕ ನಿದ್ದಿ ಬರಂಗಿಲ್ಲ.

ನೋಡ್ರಿ, ವಿಷಯ ತಪ್ಪಿಸಬ್ಯಾಡ್ರಿ, ವಸ್ತಿ ವಿಷಯ ಮಾತಾಡ್ರಿ. ಲಕ್ಷ ಮಂದಿ ಅಂತ ಯಾರರ ನಿಮ್ಮ ಮುಂದ ಎದಿ ಉಬ್ಬಿಸಿದ್ರ ಕೇಳ್ರಿ, ವಸ್ತಿ ಎಲ್ಲಿ? ಎಂಎಲ್‌ಎ ಬಂದ್ರ ಕೇಳ್ರಿ, ವಸ್ತಿ ಎಲ್ಲಿ? ಬೀಗರು ಬಂದ್ರ... ಬೀಗರಿಗೆ ಕೇಳಬ್ಯಾಡ್ರಿ, ಉಳದು ಬಿಡ್ತಾರ. ಭತ್ತದ ರೇಟಿನ ವಿಡಿಯೋ ನಾಳೆ ಹಾಕ್ತೀನಿ, ಖರೇ. ಏ, ಬಂದ್ ಮಾಡೋ ಅದನ್ನ, ಒಗ್ಗರಣಿ ಮಿರ್ಚಿ ತರಿಸಿ ಅರ್ಧ ತಾಸಾತು, ಆರಾಕತ್ತಾವು. ರೊಕ್ಕ ಕೊಟ್ಟೀಯಿಲ್ಲ ಅವಂಗ? ಏನು, ಫೋನ್‌ಪೇನಾ?