ಮೈಕ್ ಹಿಡಿದರೆ ಮಾತ್ರ ಸೇವೆನಾ?

ಎಲ್ಲರಿಗೂ ಸ್ತೋತ್ರ. ಕೆಜಿಎಫ್‌ನಿಂದ ಮಾತಾಡುತ್ತಿದ್ದೇನೆ. ಈ ವಾರ ಲೆಂಟ್ ದಿನಗಳ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ಬಗ್ಗೆ ಹೇಳಬೇಕು ಅಂತ ಎಲ್ಲ ಬರೆದಿಟ್ಟಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಹೋದ ವಾರ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದುಡಿಯುವ ಒಬ್ಬ ಅಕ್ಕನ ಬಗ್ಗೆ ಮಾತಾಡಿದ್ದೆ. ಆ ವಿಡಿಯೋ ಕೆಳಗೆ ಒಬ್ಬ ತಮ್ಮ ಒಂದು ಕಾಮೆಂಟ್ ಹಾಕಿದ್ದಾನೆ. ಮೂರು ದಿನದಿಂದ ಅದೇ ತಲೆಯಲ್ಲಿ ಓಡುತ್ತಿದೆ.

ಓದುತ್ತೇನೆ, ಕೇಳಿ. "ಅಣ್ಣ, ಆ ಗಾರ್ಮೆಂಟ್ಸ್ ಅಕ್ಕನ್ನ ಅಷ್ಟೊಂದು ಹೊಗಳಿದ್ರಿ. ಅವರು ಶುಕ್ರವಾರ ಉಪವಾಸ ಪ್ರಾರ್ಥನೆಗೂ ಬರಲ್ಲ, ಮನೆ ಭೇಟಿಗೂ ಬರಲ್ಲ. ಸೇವೆಯ ಭಾರಾನೇ ಇಲ್ಲ. ಬರೀ ಲೋಕದ ಕೆಲಸ."

ಲೋಕದ ಕೆಲಸ!

ಸೇವೆಯ ಭಾರ ಅಂದರೆ ದೇವರ ಕೆಲಸ ಮಾಡಬೇಕು ಅನ್ನುವ ತುಡಿತ. ಅದು ಅವರಿಗೆ ಇಲ್ಲವಂತೆ. ಆ ಅಕ್ಕನ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಅವರು ಇನ್ನೂ ಕತ್ತಲಿರುವಾಗಲೇ ಏಳುತ್ತಾರೆ. ಮಕ್ಕಳಿಗೆ ಡಬ್ಬಿ ಕಟ್ಟುತ್ತಾರೆ. ಅತ್ತೆಗೆ ಮಾತ್ರೆ ಎತ್ತಿಟ್ಟು, ಯಾವುದನ್ನು ಯಾವಾಗ ನುಂಗಬೇಕು ಅಂತ ಮಗಳಿಗೆ ಹೇಳಿ ಹೊರಡುತ್ತಾರೆ. ಮಾರಿಕುಪ್ಪಂನಿಂದ ಬರುವ ರೈಲು ಚಾಂಪಿಯನ್, ಉರಿಗಾಂ ದಾಟಿ ಕೋರಮಂಡಲ್‌ಗೆ ಬರುವ ಹೊತ್ತಿಗೆ ಅವರು ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿರುತ್ತಾರೆ. ಬೆಂಗಳೂರಿಗೆ ಸುಮಾರು 80 ಕಿಲೋಮೀಟರ್. ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಅಷ್ಟೂ ದೂರ ನಿಂತೇ. ದಿನವಿಡೀ ಕಾಲರ್ ಹೊಲಿಯುತ್ತಾರೆ. ರಾತ್ರಿ ಅದೇ ದಾರಿ ವಾಪಸ್. ಶುಕ್ರವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವರ ರೈಲು ಇನ್ನೂ ಮಾಲೂರು ದಾಟಿರುವುದಿಲ್ಲ.

ಒಮ್ಮೆ ಅವರ ಲೈನ್‌ನಲ್ಲಿ ಒಂದು ಇಡೀ ಬಂಡಲ್ ಹಾಳಾಯಿತಂತೆ. ಸೂಪರ್‌ವೈಸರ್ ಹೊಸದಾಗಿ ಸೇರಿದ್ದ ಹುಡುಗಿ ಮೇಲೆ ಕೂಗಾಡಲು ಶುರು ಮಾಡಿದರು. ಈ ಅಕ್ಕ ಎದ್ದು ನಿಂತು, "ಆ ಹುಡುಗೀನ ಬಿಡಿ ಸಾರ್, ತಪ್ಪು ನಂದು" ಅಂದರು. ನಿಜವಾಗಿಯೂ ಅವರದೇ ತಪ್ಪಾಗಿತ್ತು. ಸುಮ್ನೆ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ಅವರು ನನಗೆ ಹೇಳಲಿಲ್ಲ. ಆ ಹುಡುಗಿ ರೈಲಿನಲ್ಲಿ ಅಳುತ್ತಾ ಹೇಳಿದಳು.

ತಮ್ಮಾ, ಇದು ಸೇವೆ ಅಲ್ಲದಿದ್ದರೆ ಇನ್ನು ಯಾವುದು ಸೇವೆ? ಮೈಕ್ ಹಿಡಿಯುವುದು ಮಾತ್ರ ಸೇವೆ ಅಲ್ಲ. ನಿನ್ನ ಕೆಲಸವೇ ನಿನ್ನ ಸೇವೆ.

ಬೇರೆ ಯಾರಾದರೂ ಈ ಕಾಮೆಂಟ್ ಹಾಕಿದ್ದರೆ ನಾನು ಇಷ್ಟು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಈ ತಮ್ಮ ನಮ್ಮ ಲೂಥರನ್ ಸಭೆಯವನು, ಅಂದರೆ ಮಾರ್ಟಿನ್ ಲೂಥರ್ ಅವರ ಸುಧಾರಣೆಯಿಂದ ಹುಟ್ಟಿದ ಚರ್ಚಿನವನು. ಕನ್ಫರ್ಮೇಶನ್ ಆದವನು, ಅಂದರೆ ಪಾಠ ಕಲಿತು ಸಭೆಯ ಮುಂದೆ ತನ್ನ ನಂಬಿಕೆಯನ್ನು ಹೇಳಿದವನು. ನಮಗೆ ಈ ಮಾತು ಹೊಸದಾಗಬಾರದು ಅಲ್ವಾ? ಈ ಜಗಳ 500 ವರ್ಷದ ಹಿಂದೆಯೇ ಮುಗಿದಿದೆ. 1505ರಲ್ಲಿ ಲೂಥರ್ ಜರ್ಮನಿಯ ಎರ್ಫುರ್ಟ್‌ನ ಮಠ ಸೇರಿದಾಗ ಎಲ್ಲರೂ ಏನು ನಂಬಿದ್ದರು? ಸನ್ಯಾಸಿ, ಸನ್ಯಾಸಿನಿ, ಪಾದ್ರಿ, ಇವರದು ಮಾತ್ರ ಆತ್ಮಿಕ ಜೀವನ. ಹೊಲ ಉಳುವವರು, ಚಪ್ಪಲಿ ಹೊಲಿಯುವವರು, ಹಾಲು ಕರೆಯುವವರು ಕೆಳಗಿನ ಮೆಟ್ಟಿಲು. ಲೂಥರ್ ಆ ಮಠದೊಳಗೆ ಉಪವಾಸ ಮಾಡಿ, ರಾತ್ರಿಯೆಲ್ಲ ಎದ್ದು, ದೇಹ ದಂಡಿಸಿ ನೋಡಿದರು. ಸಮಾಧಾನ ಸಿಗಲಿಲ್ಲ. ಕೃಪೆ ಉಚಿತ, ನಂಬಿಕೆಯಿಂದ ಮಾತ್ರ ಸಿಗುತ್ತದೆ ಅಂತ ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ ಕಂಡುಕೊಂಡರು. 1520ರಲ್ಲಿ ನೇರವಾಗಿ ಬರೆದರು: ದೀಕ್ಷಾಸ್ನಾನ ಆದವರೆಲ್ಲ ಯಾಜಕರೇ. ಚಪ್ಪಲಿ ಹೊಲಿಯುವವನು, ಕಬ್ಬಿಣ ಬಡಿಯುವವನು, ರೈತ, ಒಬ್ಬೊಬ್ಬರಿಗೂ ಅವರವರ ಕೆಲಸ ಇದೆ, ಆ ಕೆಲಸದಿಂದಲೇ ಅವರು ಬೇರೆಯವರಿಗೆ ನೆರವಾಗಬೇಕು ಅಂತ.

ಪ್ರತಿ ವರ್ಷ ಅಕ್ಟೋಬರ್ 31 ಬಂದರೆ ಎಷ್ಟು ಸಡಗರ ಮಾಡುತ್ತೇವೆ. ಸಭೆಯ ತಪ್ಪುಗಳ ವಿರುದ್ಧ ಲೂಥರ್ ಬರೆದದ್ದನ್ನು ನೆನೆದು, 1517, ವಿಟೆನ್‌ಬರ್ಗ್, 95 ಮಾತುಗಳು ಅಂತ ಮಕ್ಕಳ ಕೈಲಿ ಹೇಳಿಸುತ್ತೇವೆ. ಮಾರನೇ ದಿನವೇ ರಾಜ್ಯೋತ್ಸವ ಬರುವುದರಿಂದ ನಮ್ಮ ಮನೆಯಲ್ಲಿ ಅದು ಎರಡು ದಿನದ ಹಬ್ಬ. ಆದರೆ ಆ ಮನುಷ್ಯ ಒಡೆದು ಹಾಕಿದ ಗೋಡೆಯನ್ನು ನಾವು ಮತ್ತೆ ಕಟ್ಟುತ್ತಿದ್ದೇವಲ್ಲ! ಆಗ ಈ ಕಡೆ ಮಠ, ಆ ಕಡೆ ಹೊಲ. ಈಗ ಈ ಕಡೆ ವೇದಿಕೆ, ಆ ಕಡೆ ಫ್ಯಾಕ್ಟರಿ.

ಜ್ಞಾನೋಪದೇಶ, ನಂಬಿಕೆಯ ಪಾಠಗಳನ್ನು ಪ್ರಶ್ನೆ ಉತ್ತರವಾಗಿ ಕಲಿಸುವ ಪುಸ್ತಕ, ನೆನಪಿದೆಯಾ? ಲೂಥರ್ 1528ರಲ್ಲಿ ಸ್ಯಾಕ್ಸನಿಯ ಸಭೆಗಳನ್ನು ನೋಡಲು ಹೋಗಿದ್ದರು. ಹಳ್ಳಿ ಜನರಿಗೆ ಏನೂ ಗೊತ್ತಿಲ್ಲ, ಎಷ್ಟೋ ಪಾದ್ರಿಗಳಿಗೆ ಕಲಿಸಲೂ ಬರುವುದಿಲ್ಲ. ಅದನ್ನು ಕಂಡು ಸಂಕಟಪಟ್ಟು 1529ರಲ್ಲಿ ಆ ಪುಟ್ಟ ಪುಸ್ತಕ ಕೊಟ್ಟರು. ನಾವೆಲ್ಲ ಬಾಯಿಪಾಠ ಮಾಡಿದವರೇ. "ಇದರ ಅರ್ಥವೇನು?" ಅಂತ ಪಾಸ್ಟರ್ ಕೇಳಿದ ತಕ್ಷಣ ಪಟಪಟ ಅಂತ ಒಪ್ಪಿಸುತ್ತಿದ್ದೆವು. ಅದರಲ್ಲಿರುವ ದೇವರ ಹತ್ತು ಆಜ್ಞೆಗಳಲ್ಲಿ ಏಳನೆಯದನ್ನು ತೆಗೆಯಿರಿ. ಕದಿಯಬಾರದು. ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆಯ ಗೆಳೆಯರೇ, ನಿಮ್ಮ ಲೆಕ್ಕದಲ್ಲಿ ಇದು ಎಂಟನೆಯದು, ಆಜ್ಞೆ ಒಂದೇ. ಕನ್ನ ಹಾಕಬೇಡ ಅಂತ ಹೇಳಿ ಲೂಥರ್ ಅಲ್ಲಿಗೆ ನಿಲ್ಲಿಸಲಿಲ್ಲ. ಕೆಟ್ಟ ಸರಕು ಮಾರಿ, ಮೋಸದ ವ್ಯಾಪಾರ ಮಾಡಿ ನೆರೆಯವನ ಹಣ ತೆಗೆದುಕೊಳ್ಳುವುದನ್ನೂ ಇದರೊಳಗೆ ಸೇರಿಸಿದರು. ಆಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ನೆರೆಯವನ ಬದುಕು ಸುಧಾರಿಸಲು ನೆರವಾಗು ಅಂದರು.

ನಮ್ಮ ಕೋಲಾರದಲ್ಲಿ ಇದರ ಅರ್ಥವೇನು? ಟೊಮೆಟೊ ಬಾಕ್ಸ್! ಹದಿನೈದು ಕೆಜಿ ಬಾಕ್ಸ್‌ನಲ್ಲಿ ಮೇಲೆ ಒಂದು ಸಾಲು ಕೆಂಪಗೆ ಗಟ್ಟಿ ಹಣ್ಣು, ಕೆಳಗೆಲ್ಲ ಒಡೆದದ್ದು. ಅದು ಏಳನೇ ಆಜ್ಞೆ. ಡೇರಿಗೆ ಹಾಕುವ ಹಾಲಿಗೆ ಒಂದು ಚೊಂಬು ನೀರು. ಅದು ಏಳನೇ ಆಜ್ಞೆ. ಆಫೀಸಿನಲ್ಲಿ ಎಂಟು ಗಂಟೆ ಸಂಬಳ ತೆಗೆದುಕೊಂಡು ಎರಡು ಗಂಟೆ ಪ್ರಾರ್ಥನಾ ಗುಂಪಿಗೆ ವಾಕ್ಯ ಫಾರ್ವರ್ಡ್ ಮಾಡುತ್ತಾ ಕೂರುವುದು. ಅದೂ ಏಳನೇ ಆಜ್ಞೆ! ಅಲ್ಲಿ ದೇವರ ಹೆಸರಿನಲ್ಲೇ ಕದಿಯುತ್ತಿದ್ದೇವೆ.

ಈಗ ಕೆಲವರು ಯೇಸು ಊಟಕ್ಕೆ ಹೋದ ಮನೆಯ ಅಕ್ಕತಂಗಿ, ಮಾರ್ಥ ಮರಿಯರ ಕಥೆ ತರುತ್ತಾರೆ. ಯಾವಾಗಲೂ ಅದೇ ಕಥೆ. "ಮರಿಯಳು ಪಾದದ ಬಳಿ ಕೂತಳು, ಮಾರ್ಥ ಅಡುಗೆಮನೆಯಲ್ಲಿದ್ದಳು, ಯಾರನ್ನು ಹೊಗಳಿದರು ನೋಡಿ" ಅಂತ. ಯೇಸು ಮಾರ್ಥಳ ಅಡುಗೆಯನ್ನು ಬೈಯಲಿಲ್ಲ ಸ್ವಾಮಿ. ಆಕೆಯ ಚಿಂತೆ, ಗಾಬರಿ, ತಂಗಿಯ ಮೇಲಿನ ದೂರು, ಅದನ್ನು ತಿದ್ದಿದರು. ಯೋಹಾನ 12 ತೆಗೆಯಿರಿ. ಬೇಥಾನ್ಯದಲ್ಲಿ ಮತ್ತೆ ಊಟ, ಅವರ ಸಹೋದರ ಲಾಜರನೂ ಪಂಕ್ತಿಯಲ್ಲಿದ್ದಾನೆ. ಬಡಿಸುತ್ತಿರುವವರು ಯಾರು? ಅದೇ ಮಾರ್ಥ! ಆ ದಿನ ಯಾರೂ ಆಕೆಯನ್ನು ತಿದ್ದಲಿಲ್ಲ. ಈ ಅಧ್ಯಾಯವನ್ನು ಯಾಕೆ ಯಾರೂ ಓದುವುದಿಲ್ಲ?

ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದರು. ಸಿಪಾಯಿಗಳೂ ಕೇಳಿದರು. ಕೆಲಸ ಬಿಟ್ಟು ಕಾಡಿಗೆ ನನ್ನ ಜೊತೆ ಬನ್ನಿ ಅಂದನಾ? ಇಲ್ಲ. ಗೊತ್ತಾದದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ಕಿತ್ತುಕೊಳ್ಳಬೇಡಿ, ಸಂಬಳದಲ್ಲಿ ತೃಪ್ತಿಪಡಿ ಅಂದ. ಲೂಕ 3. ಮಾರನೇ ದಿನ ಅವರು ಅದೇ ಕುರ್ಚಿಗೆ ವಾಪಸ್ ಹೋಗಬೇಕಿತ್ತು. ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ಏನು ತೋರಿಸಿದರು? ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು. ಆಕೆ ಮಾಡಿದ ಒಂದು ಪ್ರಸಂಗವೂ ಸತ್ಯವೇದದಲ್ಲಿಲ್ಲ. ಬಟ್ಟೆ ಇದೆ! ನಮ್ಮ ಕೋರಮಂಡಲ್ ಅಕ್ಕನೂ ಹೊಲಿಯುವುದು ಬಟ್ಟೆಯನ್ನೇ.

ಇದು ನಿಮಗೆ ಉಪಯೋಗ ಅನ್ನಿಸಿದರೆ ನಿಮ್ಮ ಸಭೆಯ ವಾಟ್ಸಾಪ್ ಗುಂಪಿಗೆ ಕಳಿಸಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಲೆಂಟ್ ಮುಗಿದ ಮೇಲೆ ಜ್ಞಾನೋಪದೇಶವನ್ನು ಒಂದೊಂದೇ ಆಜ್ಞೆಯಾಗಿ ಇಲ್ಲಿ ಓದೋಣ ಅಂತ ಇದ್ದೇನೆ, ಸರಳ ಕನ್ನಡದಲ್ಲಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮ್ಮ ಕೆಜಿಎಫ್ ಮಕ್ಕಳಿಗೆ ಅದು ಬೇಕು. ಅವರಿಗೆ ಖಂಡಿತ ಹೇಳಿ.

ನನ್ನ ತಾತನ ವಿಷಯ ಹೇಳಬೇಕು. ಅವರು ಗಣಿಯಲ್ಲಿ ಟಿಂಬರ್‌ಮನ್. ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳದ ಗಣಿ. ಕೆಳಗೆ ಕಲ್ಲು ಸುಡುತ್ತದೆ. ಯಾವ ಕ್ಷಣದಲ್ಲಿ ಬಂಡೆ ಸಿಡಿಯುತ್ತದೋ ಗೊತ್ತಿಲ್ಲ. ಮೇಲಿನ ಕಲ್ಲು ಕುಸಿಯದಂತೆ ಮರದ ಆಸರೆ ಕೊಡುವುದು ತಾತನ ಕೆಲಸ. ಒಂದು ಮರ ಸಡಿಲವಾದರೆ ಅದರ ಕೆಳಗೆ ಇನ್ನೊಬ್ಬರ ಮನೆಯ ಗಂಡಸು ಇರುತ್ತಾನೆ. ಶಿಫ್ಟ್ ಮುಗಿದರೂ ಇವರು ಮತ್ತೆ ಒಳಗೆ ಹೋಗಿ ಒಂದೊಂದನ್ನೂ ಬಡಿದು ನೋಡಿ ಬರುತ್ತಿದ್ದರು ಅಂತ ಅವರ ಜೊತೆಗಾರರು ಹೇಳುತ್ತಿದ್ದರು. ತಾತ ಯಾವತ್ತೂ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಲಿಲ್ಲ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು, ಕೆಮ್ಮು ಬಂದರೆ ಹೊರಗೆ ಹೋಗಲು ಸುಲಭ ಅಂತ. ಅವರು ತೀರಿಕೊಂಡಾಗ ಲೈನ್ ಮನೆಗಳಿಂದ ಜನ ಬಂದು ನಿಂತರು. ಹಿಂದೂಗಳು, ಮುಸ್ಲಿಮರು, ಎಲ್ಲರೂ. "ನಿಮ್ಮ ತಾತ ಮರ ಇಟ್ಟಿದ್ದಾರೆ ಅಂದ್ರೆ ಧೈರ್ಯವಾಗಿ ಒಳಗೆ ಹೋಗ್ತಿದ್ವಿ" ಅಂತ ಒಬ್ಬರು ನನ್ನ ಕೈ ಹಿಡಿದು ಹೇಳಿದರು.

ಅವರಿಗೆ ಸೇವೆಯ ಭಾರ ಇರಲಿಲ್ಲವಾ? ಹೇಳು ತಮ್ಮಾ! ಅವರ ತಲೆ ಮೇಲೆ ಇದ್ದದ್ದು ಇಡೀ ಬಂಡೆಯ ಭಾರ!

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳೆಲ್ಲ ರೈಲು ಹತ್ತಿದರು. ಆ ಅಕ್ಕ ಅಂಥ ಮನೆಯ ಮಗಳು.

"ಲೂಥರನ್ನರು ನಂಬಿಕೆ ಮಾತ್ರ ಸಾಕು ಅಂತೀರ, ಮತ್ತೆ ಕೆಲಸ ಕೆಲಸ ಅಂತ ಯಾಕೆ ಬಡ್ಕೋತೀರ" ಅಂತ ಇನ್ನೊಬ್ಬರು ಕೇಳಿದ್ದಾರೆ. ಇದಕ್ಕೆ ಎರಡು ನಿಮಿಷ ಕೂಡ ಬೇಡ. ರಕ್ಷಣೆ ಸಂಪಾದಿಸಲು ನಾನು ಏನೂ ಮಾಡಬೇಕಾಗಿಲ್ಲ, ಕ್ರಿಸ್ತ ಎಲ್ಲ ಮಾಡಿ ಮುಗಿಸಿದ್ದಾನೆ. ಅದಕ್ಕೇ ನನ್ನ ಎರಡೂ ಕೈ ಖಾಲಿ ಇವೆ, ಪಕ್ಕದ ಮನೆಯವರಿಗಾಗಿ. ಎಫೆಸ 2ರಲ್ಲಿ ರಕ್ಷಣೆ ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ ಅನ್ನುವ ಎಂಟು, ಒಂಬತ್ತನೇ ವಚನ ಓದಿ ನಿಲ್ಲಿಸಬೇಡಿ. ಒಳ್ಳೆ ಕೆಲಸ ಮಾಡುವುದಕ್ಕೇ ದೇವರು ನಮ್ಮನ್ನು ಸೃಷ್ಟಿಸಿದ ಅನ್ನುವ ಹತ್ತನೆಯದನ್ನೂ ಓದಿ. "ಹಾಗಾದರೆ ಭಾನುವಾರ ಬೇಡವಾ" ಅಂತ ಕೇಳುವವರಿಗೂ ಹೇಳುತ್ತೇನೆ. ಬೇಕು! ವಾಕ್ಯ ಅಲ್ಲಿದೆ, ಕರ್ತನ ಭೋಜನ ಅಲ್ಲಿದೆ. ಭಾನುವಾರ ಊಟ ಮಾಡುತ್ತೇವೆ, ಸೋಮವಾರ ದುಡಿಯುತ್ತೇವೆ. ಊಟ ಮಾಡಿದವನು ತಟ್ಟೆ ಮುಂದೆಯೇ ಕೂತಿರುತ್ತಾನಾ?

ನನಗೆ ಗೊತ್ತಿರುವ ಒಬ್ಬರಿದ್ದಾರೆ. ಎಂಥ ಪ್ರಾರ್ಥನೆ ಮಾಡುತ್ತಾರೆ ಅಂದರೆ ಕೇಳಿದವರ ಕಣ್ಣು ತುಂಬುತ್ತದೆ. ಅವರ ಮನೆ ಕೆಲಸದ ಹೆಂಗಸಿಗೆ ಎರಡು ತಿಂಗಳ ಸಂಬಳ ಬಾಕಿ. ಕೂಲಿಯವನ ಕೂಲಿ ಬೆಳಗಿನವರೆಗೂ ನಿನ್ನ ಹತ್ತಿರ ಇರಬಾರದು ಅಂತ ಯಾಜಕಕಾಂಡ 19 ಹೇಳುತ್ತದೆ. ಒಂದು ರಾತ್ರಿ ಕೂಡ ಇಟ್ಟುಕೊಳ್ಳಬಾರದು! ಇಲ್ಲಿ ಅರವತ್ತು ರಾತ್ರಿ. ತಡೆಹಿಡಿದ ಕೂಲಿ ಕೂಗುತ್ತದೆ ಅಂತ ಯಾಕೋಬ ಬರೆದಿದ್ದಾನೆ. ಮೈಕ್ ಎಷ್ಟೇ ಜೋರಾಗಿದ್ದರೂ ಆ ಕೂಗೇ ದೇವರಿಗೆ ಮೊದಲು ಕೇಳಿಸುತ್ತದೆ ಅಂತ ನಾನು ನಂಬುತ್ತೇನೆ. ಆ ಪ್ರಾರ್ಥನೆ ಮಾಡುವವರನ್ನು ಮಾತ್ರ ಸಭೆಯಲ್ಲಿ ಎಲ್ಲರೂ "ಸೇವೆಯಲ್ಲಿರುವವರು" ಅನ್ನುತ್ತಾರೆ. ಈ ಅಕ್ಕನದು ಲೋಕದ ಕೆಲಸ!

ಮೈಕ್ ಹಿಡಿಯುವುದು ಮಾತ್ರ ಸೇವೆ ಅಲ್ಲ! ಎಷ್ಟು ಸಲ ಹೇಳಲಿ? ಮಗುವಿನ ಬಟ್ಟೆ ತೊಳೆಯುವುದು ಸೇವೆ. ತಂದೆಯೊಬ್ಬ ನಂಬಿಕೆಯಿಂದ ಮಗುವಿನ ಹೊಲಸು ಬಟ್ಟೆ ತೊಳೆದರೆ, ಊರು ನಕ್ಕರೂ ದೇವರು ದೂತರೊಂದಿಗೆ ಸಂತೋಷದಿಂದ ನಗುತ್ತಾನೆ ಅಂತ 1522ರಲ್ಲೇ ಲೂಥರ್ ಬರೆದರು. ನಮ್ಮ ಮನೆ ಗಂಡಸರೇ, ಕೇಳಿಸಿತಾ? ಅತ್ತೆಗೆ ಮಾತ್ರೆ ಕೊಡುವುದು ಸೇವೆ. ಗೇಟ್ ಕಾಯುವುದು ಸೇವೆ. ಬಸ್ಸಿನಲ್ಲಿ ಚಿಲ್ಲರೆ ಸರಿಯಾಗಿ ವಾಪಸ್ ಕೊಡುವುದು ಸೇವೆ. ಇನ್ನೂ ವಾಕ್ಯಗಳನ್ನು ಬರೆದುಕೊಂಡಿದ್ದೆ. ಬೇಡ, ಎದೆ ತುಂಬಿ ಬರುತ್ತಿದೆ, ಇದೇ ಸಾಕು. ತಪ್ಪು ನಂದು ಅಂತ ಎದ್ದು ನಿಂತರಲ್ಲ ಆ ಅಕ್ಕ, ನಾನು ಅದನ್ನೇ ಸೇವೆ ಅಂತ ಹೇಳುತ್ತೇನೆ, ಮತ್ತೆ ಮತ್ತೆ ಹೇಳುತ್ತೇನೆ.

ತಮ್ಮಾ, ನಿನ್ನ ಮೇಲೆ ಕೋಪ ಇಲ್ಲ. ಕಾಮೆಂಟ್ ಡಿಲೀಟ್ ಮಾಡಬೇಡ. ಒಂದು ಕೆಲಸ ಮಾಡು. ಬೆಳಗ್ಗೆ ಎದ್ದು ಶಿಲುಬೆಯ ಗುರುತು ಹಾಕಿ, ಪ್ರಾರ್ಥನೆ ಮಾಡಿ, ಒಂದು ಹಾಡು ಹಾಡಿಕೊಂಡು ಸಂತೋಷವಾಗಿ ನಿನ್ನ ಕೆಲಸಕ್ಕೆ ಹೋಗು ಅಂತ ಜ್ಞಾನೋಪದೇಶದಲ್ಲೇ ಇದೆ. ನಾಳೆ ಹಾಗೇ ಮಾಡಿ ಕೋರಮಂಡಲ್ ಸ್ಟೇಷನ್‌ಗೆ ಬಾ. ನಾನೂ ಅದೇ ರೈಲು. ಬೇಗ ಬಂದರೆ ಕಿಟಕಿ ಪಕ್ಕದಲ್ಲಿ ಒಂದು ಸೀಟು ಹಿಡಿ. ನಿನಗಲ್ಲ, ಅಕ್ಕನಿಗೆ. ಬಂಗಾರಪೇಟೆವರೆಗಾದರೂ ಅವರು ಸ್ವಲ್ಪ ಕಣ್ಣು ಮುಚ್ಚಲಿ. ನಾವಿಬ್ಬರೂ ಬಾಗಿಲ ಹತ್ತಿರ ನಿಂತು ಮಾತಾಡೋಣ. ಸ್ತೋತ್ರ.