ನಕ್ಷೆಗೆ ತಾಳೆಯಾಗದ ವಿಯೆನ್ನಾ

ಎಲ್ಲರಿಗೂ ನಮಸ್ಕಾರ. ‘ದಿ ಥರ್ಡ್ ಮ್ಯಾನ್’ ಸಿನಿಮಾ ಮುಗಿದ ಕೂಡಲೇ ಅರ್ಧ ಹಾಲ್ ಖಾಲಿಯಾಗುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಬಂದಿದ್ದೆ. ಆಟಿ ತಿಂಗಳ ಮಳೆ ನನ್ನ ಕೈಬಿಡಲಿಲ್ಲ. ಕೊಡೆ ತಂದವರೂ ಕೂತಿದ್ದೀರಿ, ಸಂತೋಷ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಿನಿಮಾ ಶಾಸ್ತ್ರ ಓದಿದವನಲ್ಲ. ಸರ್ವೆ ಇಲಾಖೆಯಲ್ಲಿ 34 ವರ್ಷ ಸರಪಳಿ ಎಳೆದು, ಎಳೆಸಿ ನಿವೃತ್ತನಾದವನು. ಬಂಟ್ವಾಳ, ಕಾರ್ಕಳ, ಉಡುಪಿ, ಕೊನೆಗೆ ಇದೇ ಮಂಗಳೂರು. ನಮ್ಮ ಜಿಲ್ಲೆ ಹಿಂದೆ ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಜಾಗದ ತಕರಾರು ಬಂದರೆ ಇಲ್ಲಿ ಮೊದಲು ಕೇಳುವುದು ‘ಎಫ್‌ಎಂಬಿ ಉಂಟಾ?’ ಅಂತ, ಅಂದರೆ ಸರ್ವೆಯ ಅಳತೆ ಪುಸ್ತಕ. ಗಡಿಕಲ್ಲು ಎಲ್ಲಿದೆ, ಅಲ್ಲಿಂದ ಮುಂದಿನ ಕಲ್ಲಿಗೆ ಸರಪಳಿಯ ಎಷ್ಟು ಲಿಂಕ್, ಎಲ್ಲ ಅದರಲ್ಲಿರುತ್ತದೆ. ಅದನ್ನೇ ನೋಡಿ ನೋಡಿ ಕಣ್ಣಿಗೆ ಒಂದು ಕೆಟ್ಟ ಅಭ್ಯಾಸ ಅಂಟಿದೆ. ಸಿನಿಮಾದಲ್ಲಿ ಕಳ್ಳ ಓಡುತ್ತಿದ್ದರೆ ಉಳಿದವರು ಅವನು ಸಿಕ್ಕಿಬೀಳುತ್ತಾನಾ ಅಂತ ನೋಡುತ್ತಾರೆ. ನಾನು, ಇವನು ಆ ಮೂಲೆಯಿಂದ ಈ ಬೀದಿಗೆ ಹೇಗೆ ಬಂದ ಅಂತ ನೋಡುತ್ತೇನೆ.

ವಿಯೆನ್ನಾಕ್ಕೆ ಹೋದದ್ದು ಮಗಳ ಬಾಣಂತನಕ್ಕೆ. ಬಾಣಂತನ ಮಾಡಲು ಹೋದದ್ದು ನನ್ನ ಹೆಂಡತಿ. ನನ್ನ ಪಾಲಿಗೆ ಬಂದದ್ದು ಕುಚ್ಚಲಕ್ಕಿಯ ಚೀಲ ಹೊರುವ ಕೆಲಸ. ಮೂರು ತಿಂಗಳು, ಸೆಪ್ಟೆಂಬರಿನಿಂದ ನವೆಂಬರ್ ಕೊನೆಯವರೆಗೆ. ಬಾಣಂತಿ ಇರುವ ಮನೆಯಲ್ಲಿ ಅಜ್ಜನಿಗೆ ಎಂಥ ಕೆಲಸ ಇರುತ್ತದೆ ಹೇಳಿ? ‘ಸ್ವಲ್ಪ ಹೊರಗೆ ತಿರುಗಾಡಿ ಬನ್ನಿ’ ಅಂತ ದಿನಕ್ಕೆ ಎರಡು ಸಲ ಹೇಳಿಸಿಕೊಳ್ಳುತ್ತಿದ್ದೆ. ನನ್ನ ಅವಸ್ಥೆ ನೋಡಿ ಅಳಿಯ ಒಂದು ಸಂಜೆ ಬುರ್ಗ್ ಕಿನೋ ಅನ್ನುವ ಟಾಕೀಸಿಗೆ ಕರೆದುಕೊಂಡು ಹೋದ. ಅಲ್ಲಿ ಈ ಸಿನಿಮಾವನ್ನು ಹತ್ತಾರು ವರ್ಷಗಳಿಂದ ಹಾಕುತ್ತಲೇ ಇದ್ದಾರೆ. ಟಾಕೀಸಿನಿಂದ ಹೊರಗೆ ಬಂದರೆ ಆಗಷ್ಟೇ ಪರದೆಯ ಮೇಲೆ ಕಂಡ ಊರು ಎದುರಿಗೆ ನಿಂತಿದೆ. ಮರುದಿನದಿಂದ ನನಗೆ ಕೆಲಸ ಸಿಕ್ಕಿತು.

‘ದಿ ಥರ್ಡ್ ಮ್ಯಾನ್’ 1949ರದ್ದು. ಕ್ಯಾರಲ್ ರೀಡ್ ನಿರ್ದೇಶನ, ಗ್ರಹಾಂ ಗ್ರೀನ್ ಕಥೆ. ಈಗಷ್ಟೇ ನೋಡಿದ್ದೀರಿ, ಕಥೆ ಹೇಳುವುದಿಲ್ಲ. ಒಂದು ಮಾತ್ರ ನೆನಪಿಸುತ್ತೇನೆ. ಚಿತ್ರೀಕರಣಕ್ಕೆ ಇವರು ಅಲ್ಲಿಗೆ ಹೋದದ್ದು 1948ರ ಅಕ್ಟೋಬರಿನಲ್ಲಿ. ಯುದ್ಧ ಮುಗಿದು ಮೂರೇ ವರ್ಷ. ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ಸೇರಿ ಊರನ್ನು ನಾಲ್ಕು ಪಾಲು ಮಾಡಿಕೊಂಡಿದ್ದವು, ನಟ್ಟನಡುವಿನ ಹಳೇ ಪೇಟೆ ಮಾತ್ರ ನಾಲ್ವರಿಗೂ ಜಂಟಿ. ಒಂದೇ ಜೀಪಿನಲ್ಲಿ ನಾಲ್ಕು ದೇಶದ ಪೊಲೀಸರು ಕೂತಿದ್ದರಲ್ಲ, ಅದು ನಿಜವಾದ ವ್ಯವಸ್ಥೆ. ಪಾಲುಪಟ್ಟಿ, ಜಂಟಿ ಖಾತೆ, ನಡುವಿನ ಅಂಗಳ ಯಾರದು ಅನ್ನುವ ತಕರಾರು. ನನಗೆ ಬಹಳ ಪರಿಚಿತ ಲೋಕ. ಅದು ಬಗೆಹರಿದು ಅವರು ಜಾಗ ಖಾಲಿ ಮಾಡಿದ್ದು 1955ರಲ್ಲಿ.

ಶುರು ಮಾಡಿದ್ದು ಹ್ಯಾರಿ ಲೈಮ್‌ನ ಮನೆಯಿಂದ, ಕಳ್ಳ ಪೆನಿಸಿಲಿನ್ ಮಾರಿ, ಸತ್ತ ಅಂತ ಸುಳ್ಳು ಸುದ್ದಿ ಹಬ್ಬಿಸಿದವನ ಮನೆ. ಸಿನಿಮಾದಲ್ಲಿ ವಿಳಾಸ ಬೇರೆ ಹೇಳುತ್ತಾರೆ, ನಿಜವಾಗಿ ಅದು ಯೋಸೆಫ್ಸ್‌ಪ್ಲಾಟ್ಸ್ ಎಂಬ ಚೌಕದಲ್ಲಿರುವ ಪಲ್ಲವಿಚೀನಿ ಅರಮನೆ. ಹೆಸರು ಕೇಳಿ ನಮ್ಮ ಕಡೆಯವರ ಮನೆಯಾ ಅಂದುಕೊಂಡೆ. ಬಾಗಿಲ ಎರಡು ಕಡೆ ಕಂಬದ ಬದಲು ಕಲ್ಲಿನ ಹೆಂಗಸರು ನಿಂತಿದ್ದಾರೆ. ಎದುರಿನ ಚೌಕದ ನಡುವೆ ಕುದುರೆ ಏರಿದ ಎರಡನೇ ಯೋಸೆಫ್ ದೊರೆ. ಆ ಹೆಂಗಸರನ್ನೂ ಈ ದೊರೆಯನ್ನೂ ಕೆತ್ತಿದವನು ಒಬ್ಬನೇ, ಜೌನರ್ ಅಂತ. ಲಾರಿ ಬಡಿದು ಸತ್ತ ಅನ್ನುವ ಹ್ಯಾರಿಯನ್ನು ಇಬ್ಬರಲ್ಲ, ಮೂವರು ಎತ್ತಿಕೊಂಡು ಹೋದರು ಅಂತ ಕಟ್ಟಡ ಕಾಯುವವ ಹೇಳುತ್ತಾನಲ್ಲ, ಹೊತ್ತುಕೊಂಡು ಹೋದದ್ದು ಈ ಮೂರ್ತಿಯ ಬುಡಕ್ಕೆ. ಬಾಗಿಲಿನಿಂದ ಅಲ್ಲಿಗೆ ನಡೆದು ನೋಡಿದೆ. ನನ್ನ ಹೆಜ್ಜೆಯಲ್ಲಿ ಅರವತ್ತರ ಆಸುಪಾಸು. ಮೇಲಿನ ಕಿಟಕಿಯಲ್ಲಿ ನಿಂತವನಿಗೆ ತಲೆ ಲೆಕ್ಕ ಸಿಗುತ್ತದೆ, ಮುಖ ಸಿಗುವುದಿಲ್ಲ. ಸ್ಥಳ ಮಹಜರು ಸರಿ ಇದೆ ಅಂತ ಅಲ್ಲೇ ಷರಾ ಬರೆದೆ.

ಮುಂದಿನದ್ದರಲ್ಲಿ ಎಲ್ಲ ತಪ್ಪಿತು. ರಾತ್ರಿ, ಖಾಲಿ ಬೀದಿ, ಒಂದು ಬಾಗಿಲ ಸಂದಿಯಲ್ಲಿ ಯಾರೋ ನಿಂತಿದ್ದಾರೆ, ಬೆಕ್ಕು ಬಂದು ಬೂಟಿಗೆ ಮೈ ತಿಕ್ಕುತ್ತದೆ. ಎದುರು ಮನೆಯ ಹೆಂಗಸು ಗಲಾಟೆ ಏನಂತ ದೀಪ ಹಾಕುತ್ತಾಳೆ, ಬೆಳಕು ಸೀದಾ ಮುಖದ ಮೇಲೆ. ಸತ್ತವನು ನಗುತ್ತಾ ನಿಂತಿದ್ದಾನೆ. ಆ ಬಾಗಿಲು ಶ್ರೈಫೋಗೆಲ್‌ಗಾಸೆ 8ನೇ ನಂಬರು. ಈಗಲೂ ಇದೆ. ಪಕ್ಕದ 10ನೇ ನಂಬರಿನದ್ದು ಹಳೆಯ ಚಂದದ ಮನೆ, ಮೇಲೆ ಹಳೇ ಕೋಟೆಗೋಡೆಯ ದಿಬ್ಬದಲ್ಲಿ ಬೀಥೋವನ್ ಬಾಡಿಗೆಗಿದ್ದ ಮನೆ. ಬೀಥೋವನ್ ಮನೆ ನೋಡಲು ಬಂದವರು ಅಲ್ಲಿ ಕಾಲಿಟ್ಟ ಮೇಲೆ ಇಲ್ಲಿಗೂ ಬಂದು ಆ ಸಂದಿಯಲ್ಲಿ ತಲೆ ಓರೆ ಮಾಡಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ನಿಂತೆ. ಸುಳ್ಳು ಯಾಕೆ ಹೇಳಲಿ. ಬೆಕ್ಕು ಬರಲಿಲ್ಲ.

ಸಿನಿಮಾದಲ್ಲಿ ಅಲ್ಲಿಂದ ಅವನು ಓಡುತ್ತಾನೆ. ಬೂಟಿನ ಸದ್ದು, ಗೋಡೆಯ ಮೇಲೆ ಮನೆಯಷ್ಟು ಎತ್ತರದ ನೆರಳು, ಅವನ ಗೆಳೆಯ ಮಾರ್ಟಿನ್ಸ್ ಹಿಂದೆ ಓಡಿದರೆ ಚೌಕದಲ್ಲಿ ಯಾರೂ ಇಲ್ಲ. ಜಾಹೀರಾತು ಅಂಟಿಸುವ ದುಂಡನೆಯ ಕಂಬದ ಒಳಗೆ ಬಾಗಿಲು, ಅದರಿಂದ ಕೆಳಗೆ ಚರಂಡಿಗೆ ದಾರಿ. ಆ ಚೌಕದ ಹೆಸರು ಆಮ್ ಹೋಫ್. ಬಾಗಿಲಿನಿಂದ ಅಲ್ಲಿಗೆ ನಡೆದರೆ ಐದಾರು ನಿಮಿಷ, ನಡುವೆ ಎರಡು ಮೂರು ತಿರುವು. ಹಂಪನಕಟ್ಟೆಯಲ್ಲಿ ಮೂಲೆ ತಿರುಗಿದವನು ಮರುಕ್ಷಣ ಕಾರ್‌ಸ್ಟ್ರೀಟಿನ ದೇವಸ್ಥಾನದ ಎದುರು ಮಾಯವಾದ ಅಂದರೆ ನೀವು ನಂಬುತ್ತೀರಾ? ನಗುತ್ತೀರಿ. ಇಲ್ಲಿ ಕೂತು ವಿಯೆನ್ನಾವನ್ನು ನಂಬಿದಿರಿ. ನಾನೂ ನಂಬಿದ್ದೆ.

ಸರಿ, ಕಂಬವಾದರೂ ನೋಡೋಣ ಅಂತ ಆಮ್ ಹೋಫ್ ಪೂರ್ತಿ ಸುತ್ತಿದೆ. 1667ರಲ್ಲಿ ನಿಲ್ಲಿಸಿದ ಮೇರಿ ಮಾತೆಯ ಕಂಬ ಇದೆ. ಜಾಹೀರಾತು ಕಂಬ ಇಲ್ಲ. ಅದನ್ನು ಸಿನಿಮಾದವರೇ ತಂದು ನಿಲ್ಲಿಸಿದ್ದು, ಕೆಲಸ ಮುಗಿದ ಮೇಲೆ ತೆಗೆದುಕೊಂಡು ಹೋದದ್ದು. ಇಲ್ಲದ ಗಡಿಕಲ್ಲು ಹುಡುಕಿ ಬಿಸಿಲಲ್ಲಿ ಅಲೆದದ್ದು ನನಗೇನು ಹೊಸತಲ್ಲ. ಆದರೆ ನೆಟ್ಟವನೇ ಕಿತ್ತುಕೊಂಡು ಹೋದ ಕಲ್ಲು ಅಂತ ತಿಳಿದಾಗ ಸ್ವಲ್ಪ ಸಿಟ್ಟು ಬಂತು.

ಕಂಬ ಮಾತ್ರ ಅಲ್ಲ, ಹ್ಯಾರಿ ಲೈಮ್ ಅನ್ನುವ ಮನುಷ್ಯನೂ ಪೋಡಿಯಾಗಿ ತುಂಡು ತುಂಡಾದ ಜಮೀನೇ. ಮುಖ ನಟ ಆರ್ಸನ್ ವೆಲ್ಸ್‌ನದು. ಓಡುವ ನೆರಳು ಸಹಾಯಕ ನಿರ್ದೇಶಕ ಗೈ ಹ್ಯಾಮಿಲ್ಟನ್‌ನದು, ಮೈ ದಪ್ಪ ಕಾಣಲಿ ಅಂತ ಕೋಟಿನೊಳಗೆ ಬಟ್ಟೆ ತುಂಬಿಸಿ ಓಡಿಸಿದ್ದು. ಕೊನೆಗೆ ಕಬ್ಬಿಣದ ಜಾಲರಿಯಿಂದ ಮೇಲೆ ಬಂದು ಗಾಳಿಯನ್ನು ತಡಕುವ ಬೆರಳುಗಳು ಸ್ವತಃ ನಿರ್ದೇಶಕ ರೀಡ್‌ನವು. ವೆಲ್ಸ್‌ಗೆ ಚರಂಡಿ ಅಂದರೆ ಆಗುತ್ತಿರಲಿಲ್ಲ, ಅಲ್ಲಿ ಕೆಲಸ ಮಾಡಲು ತಕರಾರು ತೆಗೆದ. ಅದಕ್ಕೆ ಲಂಡನ್ ಹತ್ತಿರದ ಶೆಪರ್ಟನ್ ಸ್ಟುಡಿಯೋದಲ್ಲಿ ಚರಂಡಿಯ ಸೆಟ್ ಹಾಕಬೇಕಾಯಿತು. ಹಾಗಾಗಿ ಅವನು ಒಂದು ಹೆಜ್ಜೆ ವಿಯೆನ್ನಾದಲ್ಲಿಟ್ಟರೆ ಮುಂದಿನ ಹೆಜ್ಜೆ ಇಂಗ್ಲೆಂಡಿನಲ್ಲಿ. ಇದಕ್ಕೆ ಯಾವ ಸ್ಕೆಚ್ ಹಾಕಿ ಕೊಡುವುದು ಮಾರಾಯ್ರೆ?

ನಿಜವಾದ ಚರಂಡಿಗೂ ಇಳಿದೆ. ಕಾರ್ಲ್ಸ್‌ಪ್ಲಾಟ್ಸ್ ಹತ್ತಿರದ ಒಂದು ಪಾರ್ಕಿನಿಂದ ನಗರದ ಚರಂಡಿ ಇಲಾಖೆಯವರೇ ಕರೆದುಕೊಂಡು ಹೋಗುತ್ತಾರೆ, ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಮಾತ್ರ. ಟಿಕೆಟ್ ಉಂಟು, ಹೆಲ್ಮೆಟ್ ಕೊಡುತ್ತಾರೆ. ‘ದುಡ್ಡು ಕೊಟ್ಟು ಗಟಾರ ನೋಡಲು ಹೋಗುವವರನ್ನು ಇವತ್ತೇ ಕಂಡದ್ದು’ ಅಂತ ಹೆಂಡತಿ ಅಂದದ್ದು ಇನ್ನೂ ಕಿವಿಯಲ್ಲಿದೆ. ಸುರುಳಿ ಮೆಟ್ಟಿಲು ಇಳಿಯುತ್ತಾ ಮೂಗಿಗೆ ಕರವಸ್ತ್ರ ಹಿಡಿದಿದ್ದೆ, ಕೆಳಗೆ ಹೋದ ಮೇಲೆ ಜೇಬಿಗೆ ಹಾಕಿದೆ. ಏಪ್ರಿಲ್‌ನಲ್ಲಿ ನಮ್ಮ ಕೆಲವು ತೋಡುಗಳ ಪಕ್ಕ ನಡೆದವರಿಗೆ ಅದೊಂದು ವಾಸನೆಯೇ ಅಲ್ಲ.

ಅಲ್ಲಿ ತಿಳಿದದ್ದು, 1830ರ ಹೊತ್ತಿಗೆ ಕಾಲರಾ ಬಂದು ಜನ ಸಾಯತೊಡಗಿದ ಮೇಲೆ ಅಗೆದ ಕಾಲುವೆಗಳವು, ಹೆಸರೇ ಕಾಲರಾ ಕಾಲುವೆ. ಪಕ್ಕದಲ್ಲೇ ವೀನ್ ಅನ್ನುವ ನದಿ ಕಮಾನಿನ ಚಾವಣಿಯ ಅಡಿಯಲ್ಲಿ ಹರಿಯುತ್ತದೆ. ಆ ಕಮಾನು ನೋಡಿ ನಾನು ದಂಗಾದೆ. ಸಿನಿಮಾದಲ್ಲಿ ಕತ್ತಲೆ, ಒದ್ದೆ ಕಲ್ಲು, ಎಲ್ಲಿಂದಲೋ ಬರುವ ಕೂಗು, ಅಷ್ಟೇ ಕಾಣುತ್ತದೆ. ಅದರ ಕೆಳಗೆ ನಿಂತು ನೋಡಿದರೆ ಅದು ಇಂಜಿನಿಯರುಗಳು ಕಟ್ಟಿದ ಒಂದು ಚರ್ಚು. ಮಕ್ಕಳು ಸಾಯಬಾರದು ಅಂತ ಕಟ್ಟಿದ ಕಾಲುವೆಯಲ್ಲಿ, ನೀರು ಬೆರೆಸಿದ ಪೆನಿಸಿಲಿನ್ ಮಾರಿ ಮಕ್ಕಳನ್ನು ಕೊಂದವನನ್ನು ಓಡಿಸಿದ್ದಾರೆ. ಈ ಕಳ್ಳ ಪೆನಿಸಿಲಿನ್ ಮತ್ತು ನೆಲದಡಿಯ ಪೊಲೀಸರ ವಿಷಯ ಗ್ರೀನ್‌ಗೆ ಸಿಕ್ಕಿದ್ದು ವಿಯೆನ್ನಾದಲ್ಲೇ, ಒಬ್ಬ ಬ್ರಿಟಿಷ್ ಗುಪ್ತಚರ ಅಧಿಕಾರಿಯ ಜೊತೆ ಊಟಕ್ಕೆ ಕೂತಾಗ. ಊರು ಸುತ್ತಿಯೂ ಸಿಗದ ಕಥೆ ಊಟದ ಮೇಜಿನಲ್ಲಿ ಸಿಕ್ಕಿತು.

ಜಾಯಿಂಟ್ ವೀಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳಿದ್ದಾರೆ. 1897ರದ್ದು, ಎತ್ತರ 64.75 ಮೀಟರ್. ನಮ್ಮ ಕಾಪು ದೀಪಸ್ತಂಭ ಎರಡನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ಮೊದಲು 30 ಡಬ್ಬಿ ಇದ್ದವು. ಯುದ್ಧದಲ್ಲಿ ಸುಟ್ಟುಹೋಗಿ 1947ರಲ್ಲಿ ಮತ್ತೆ ನಿಲ್ಲಿಸುವಾಗ ಒಂದು ಬಿಟ್ಟು ಒಂದರಂತೆ 15 ಮಾತ್ರ ಹಾಕಿದರು, ಇವತ್ತಿಗೂ ಅಷ್ಟೇ. ಸಿನಿಮಾದಲ್ಲಿ ಚಕ್ರ ಬಡಕಲಾಗಿ ಕಾಣುತ್ತದಲ್ಲ, ಅದು ಕ್ಯಾಮೆರಾದ ಚಮತ್ಕಾರ ಅಲ್ಲ. ಮೇಲಿನಿಂದ ಕೆಳಗಿನವರನ್ನು ತೋರಿಸಿ, ಆ ಚುಕ್ಕಿಗಳಲ್ಲಿ ಒಂದು ನಿಂತುಹೋದರೆ ನಿನಗೇನು ಅಂತ ಹ್ಯಾರಿ ಕೇಳುತ್ತಾನೆ. ಆ ಎತ್ತರದಿಂದ ಜನ ನಿಜವಾಗಿ ಚುಕ್ಕಿಯಷ್ಟು ಸಣ್ಣ ಕಾಣುವುದಿಲ್ಲ. ಟೊಪ್ಪಿ ಗೊತ್ತಾಗುತ್ತದೆ, ಮಗುವಿನ ಕೈಯ ಬಲೂನು ಗೊತ್ತಾಗುತ್ತದೆ.

ಒಂದು ಜಾಗ ಮಾತ್ರ ನಾನು ಹುಡುಕಲಿಲ್ಲ, ಮಕ್ಕಳ ಆಸ್ಪತ್ರೆ. ಗಮನಿಸಿದ್ದೀರೋ ಇಲ್ಲವೋ, ರೀಡ್ ಆ ಮಕ್ಕಳನ್ನು ತೋರಿಸುವುದೇ ಇಲ್ಲ. ಮಂಚದೊಳಗೆ ಬಗ್ಗಿ ನೋಡುವವರ ಮುಖ ಇದೆ. ನರ್ಸ್ ಒಂದು ಗೊಂಬೆ ಕರಡಿಯನ್ನು ತಲೆಕೆಳಗಾಗಿ ಬಿಸಾಡುತ್ತಾಳೆ. ಇಡೀ ಅಪರಾಧಕ್ಕೆ ಇರುವ ಸಾಕ್ಷಿ ಅದೊಂದೇ. ಮನೆಯಲ್ಲಿ ಇಪ್ಪತ್ತು ದಿನದ ಮೊಮ್ಮಗು ಮಲಗಿರುವಾಗ ಆ ವಿಳಾಸ ತೆಗೆದುಕೊಂಡು ನನಗೇನಾಗಬೇಕು?

ಇನ್ನು ಹೋಹರ್ ಮಾರ್ಕ್ಟ್. ಇಟ್ಟಿಗೆ ಕಲ್ಲಿನ ಗುಡ್ಡೆಯ ಮೇಲೆ ಹ್ಯಾರಿ ಬಂದು ನಿಂತು ಕೆಳಗಿನ ಕೆಫೆ ನೋಡುತ್ತಾನಲ್ಲ, ಆ ಚೌಕ. ಫೋನಿನಲ್ಲಿ ಆ ಚಿತ್ರ ಹಿಡಿದು ನಿಂತೆ. ಕಾರಂಜಿ ತಾಳೆಯಾಯಿತು. ಉಳಿದ ಕಡೆ ಸಾಲಾಗಿ ಕಟ್ಟಡಗಳು, ಕೆಳಗೆ ಅಂಗಡಿಗಳು, ದೊಡ್ಡ ಗಡಿಯಾರದ ಬೊಂಬೆಗಳನ್ನು ನೋಡಲು ಕತ್ತು ಎತ್ತಿದ ಜನ. ಗುಡ್ಡೆ ಇದ್ದಲ್ಲಿ ಗುಡ್ಡೆಯ ಗುರುತೂ ಇಲ್ಲ. ಆಗ ನನಗೆ ಸ್ವಲ್ಪ ಇರುಸುಮುರುಸಾಯಿತು. ಎರಡು ವಾರದಿಂದ ಈ ಸಿನಿಮಾದ ಅಳತೆ ಸುಳ್ಳು, ದಾರಿ ಸುಳ್ಳು, ಕಂಬ ಸುಳ್ಳು ಅಂತ ಪಟ್ಟಿ ಮಾಡುತ್ತಿದ್ದೆ. ನಾನು ಜೀವಮಾನ ಕಾದ ಪುಸ್ತಕದಲ್ಲಿ ಏನಿದೆ? ಇದೇ ಚೌಕದ ಸರ್ವೆ ನಕ್ಷೆ ತೆಗೆಸಿದರೆ ಗಡಿ ಸರಿಯಾಗಿಯೇ ಇರುತ್ತದೆ, ಗುಡ್ಡೆ ಇರುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಹಂಚಿನ ಕಾರ್ಖಾನೆಯಿಂದ ಹಿಡಿದು ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಎಷ್ಟೋ ಕಾರ್ಖಾನೆಗಳ ಜಾಗವನ್ನು ನಮ್ಮವರು ಅಳೆದಿದ್ದಾರೆ. ನಾನೂ ಅಳೆದಿದ್ದೇನೆ, ಅಪಾರ್ಟ್‌ಮೆಂಟಿಗೆ ಪಾಲಾಗುವಾಗ. ಎಲ್ಲ ಕಲ್ಲುಗಳೂ ಪುಸ್ತಕದಲ್ಲಿವೆ. ಚಿಮಿಣಿಯ ಹೊಗೆ ಯಾವ ಕಡೆ ಹೋಗುತ್ತಿತ್ತು, ಸಂಜೆ ಕೈಗೆ ಮೈಗೆ ಕೆಂಪು ಮಣ್ಣು ಹತ್ತಿಸಿಕೊಂಡು ಎಷ್ಟು ಜನ ಗೇಟಿನಿಂದ ಹೊರಗೆ ಬರುತ್ತಿದ್ದರು ಅನ್ನುವುದಕ್ಕೆ ನಮ್ಮಲ್ಲಿ ಕಾಲಂ ಇಲ್ಲ.

ಯಾರೋ ಕೇಳಬಹುದು, ವಿಯೆನ್ನಾ ಯಾಕೆ, ಮಲ್ಪೆ ಇಲ್ಲೇ ಇದೆಯಲ್ಲ ಅಂತ. ಹೋಗಿದ್ದೆ. 2014ರಲ್ಲಿ ತೆರೆಗೆ ಬಂದ ‘ಉಳಿದವರು ಕಂಡಂತೆ’ಯನ್ನು ರಕ್ಷಿತ್ ಶೆಟ್ಟಿ ತೆಗೆದದ್ದು ಆ ಕಡೆಯೇ. ಅಷ್ಟಮಿಯ ಗೌಜಿ, ಹುಲಿವೇಷ, ಕಡಲು, ಒಂದು ಕೊಲೆಯ ಕಥೆ. ವಿಯೆನ್ನಾದಿಂದ ಬಂದ ಮೇಲೆ ಒಂದು ಆದಿತ್ಯವಾರ ಬಸ್ಸು ಹತ್ತಿ ದಕ್ಕೆಗೆ ಹೋಗಿ, ಫೋನಿನಲ್ಲಿ ಒಂದು ದೃಶ್ಯ ತೋರಿಸಿ ಇದು ಎಲ್ಲಿ ಅಂತ ಕೇಳಿದೆ. ಒಣಮೀನು ಹರಡುತ್ತಿದ್ದ ಅಕ್ಕ ಉತ್ತರಕ್ಕೆ ಕೈ ತೋರಿಸಿದರು. ಬಲೆ ಹೊಲಿಯುತ್ತಿದ್ದ ಅಜ್ಜ ‘ಅಲ್ಲ ಅಲ್ಲ, ಆಚೆ’ ಅಂತ ದಕ್ಷಿಣಕ್ಕೆ ತೋರಿಸಿದರು. ಐಸ್ ತುಂಬುತ್ತಿದ್ದ ಹುಡುಗ, ‘ಅದು ಇಲ್ಲಿ ಅಲ್ಲವೇ ಅಲ್ಲ ಸರ್, ನಾನೇ ಶೂಟಿಂಗ್ ನೋಡಿದ್ದೇನೆ’ ಅಂದ. ಮೂವರದ್ದೂ ಹೇಳಿಕೆ ಬರೆದುಕೊಂಡು ಬಂದೆ. ಸಿನಿಮಾದ ಹೆಸರಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಗಲಿಕ್ಕಿಲ್ಲ.

ಕೊನೆಯದು ಸ್ಮಶಾನ. ಊರ ಹೊರಗಿನ ಕೇಂದ್ರ ಸ್ಮಶಾನ, 71ನೇ ನಂಬರಿನ ಟ್ರಾಮ್ ಹೋಗುತ್ತದೆ. 1874ರಲ್ಲಿ ತೆರೆದದ್ದು, 600 ಎಕರೆಗೂ ಮೇಲೆ. ಮಣ್ಣಾದವರು ಸುಮಾರು 30 ಲಕ್ಷ, ಊರಲ್ಲಿ ಬದುಕಿರುವವರಿಗಿಂತ ಹೆಚ್ಚು. ನವೆಂಬರಿನ ಒಂದು ಮಧ್ಯಾಹ್ನ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಕೊನೆಯ ದೃಶ್ಯ ನಿಮ್ಮ ಕಣ್ಣಲ್ಲೇ ಇರಬಹುದು. ಎಲೆ ಉದುರಿದ ಸಾಲುಮರದ ನೇರ ದಾರಿ, ಬದಿಯಲ್ಲಿ ಮಾರ್ಟಿನ್ಸ್ ಕಾಯುತ್ತಿದ್ದಾನೆ, ದೂರದಿಂದ ಹ್ಯಾರಿಯ ಪ್ರೇಯಸಿ ಆನಾ ಬರುತ್ತಾಳೆ, ಬರುತ್ತಲೇ ಇರುತ್ತಾಳೆ, ಒಂದು ಸಲವೂ ಅವನ ಕಡೆ ನೋಡದೆ ದಾಟಿ ಹೋಗುತ್ತಾಳೆ. ಇಬ್ಬರೂ ಒಂದಾಗಲಿ ಅಂತ ಗ್ರೀನ್ ಹಟ ಹಿಡಿದಿದ್ದರು, ರೀಡ್ ಕೇಳಲಿಲ್ಲ. ಆಮೇಲೆ ರೀಡ್ ಹೇಳಿದ್ದೇ ಸರಿ ಅಂತ ಗ್ರೀನ್ ತಾವೇ ಒಪ್ಪಿಕೊಂಡು ಬರೆದರು.

ಆ ತರಹದ್ದೇ ಒಂದು ದಾರಿ ಸಿಕ್ಕಿತು. ನಾನು ಬದಿಯಲ್ಲಿ ನಿಂತುಕೊಂಡು ‘ನೀನು ಅಲ್ಲಿಂದ ಹೀಗೆ ನಡೆದು ಬಾ, ಎಷ್ಟು ಹೊತ್ತಾಗುತ್ತದೆ ನೋಡುತ್ತೇನೆ’ ಅಂದೆ.

‘ನಿಮಗೆ ಎಂತ ಮರ್ಲಾ? ಚಳಿಯಲ್ಲಿ ಕೈ ಸೆಡೆದು ಹೋಗಿದೆ.’

‘ಒಂದೇ ಸಲ.’

ಬಯ್ಯುತ್ತಾ ಹೋದಳು. ಸೀರೆಯ ಮೇಲೆ ಮಗಳ ಉದ್ದ ಕೋಟು, ತಲೆಗೆ ಉಣ್ಣೆ ಟೊಪ್ಪಿ. ದೂರದಲ್ಲಿ ತಿರುಗಿ ನಡೆಯತೊಡಗಿದಳು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಹತ್ತಿರ ಬಂದಳು. ನನ್ನ ಕಡೆ ನೋಡಲಿಲ್ಲ, ನಿಲ್ಲಲೂ ಇಲ್ಲ. ಸೀದಾ ದಾಟಿ ಗೇಟಿನ ಕಡೆ ಹೋಗಿಬಿಟ್ಟಳು. ಸಿನಿಮಾ ನೋಡದವಳು ಇಷ್ಟು ಸರಿಯಾಗಿ ಹೇಗೆ ಮಾಡಿದಳು ಅಂತ ನಾನು ಬೆರಗಾಗಿ ನಿಂತಿದ್ದರೆ, ಗೇಟಿನ ಹತ್ತಿರದಿಂದ ಕೂಗು ಬಂತು: ‘ಮಗುವಿಗೆ ಎಣ್ಣೆ ಹಚ್ಚುವ ಹೊತ್ತಾಯಿತು, ಟ್ರಾಮ್ ಬರ್ತಾ ಉಂಟು, ಬರ್ತೀರಾ ಇಲ್ವಾ?’

ಓಡಿದೆ. ಎಷ್ಟು ನಿಮಿಷ ಆಯಿತು ಅಂತ ನೋಡಲು ಮರೆತೇ ಹೋಯಿತು.