ಹಲಗೆಯ ಕೆಳಗಿನ ತೊಟ್ಟಿ

ಕೇಳುಗರಿಗೆ ನಮಸ್ಕಾರ.

ನಮ್ಮ ಸಭೆಯ ಕಟ್ಟಡವನ್ನು ಹೊರಗಿನಿಂದ ನೋಡಿದವರು ಯಾರೂ ಅದನ್ನು ಚರ್ಚು ಅಂದುಕೊಳ್ಳುವುದಿಲ್ಲ. ಗೋಪುರ ಇಲ್ಲ, ಗಂಟೆ ಇಲ್ಲ, ಬಣ್ಣದ ಗಾಜಿನ ಕಿಟಕಿಯೂ ಇಲ್ಲ. ಒಂದು ಉದ್ದನೆಯ ಹಾಲ್, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಮುಂದೆ ಮರದ ವೇದಿಕೆ. ಆ ವೇದಿಕೆಯ ಹಲಗೆಗಳನ್ನು ಎತ್ತಿದರೆ ಕೆಳಗೆ ಸಿಮೆಂಟಿನ ತೊಟ್ಟಿ ಇದೆ. ಇಳಿಯೋಕೆ ಐದು ಮೆಟ್ಟಿಲು, ಸೊಂಟದ ಮೇಲಕ್ಕೆ ನೀರು. ದೀಕ್ಷಾಸ್ನಾನಕ್ಕೆ, ಅಂದರೆ ನಂಬಿದವರನ್ನು ನೀರಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ವಿಧಿಗೆ, ವರ್ಷದಲ್ಲಿ ಎರಡೋ ಮೂರೋ ಸಲ ಅದನ್ನು ತುಂಬಿಸುತ್ತೇವೆ. ಶನಿವಾರ ರಾತ್ರಿಯೇ ಪೈಪು ಬಿಡಬೇಕು. ಮರೆತರೆ ಭಾನುವಾರ ಆರಾಧನೆಯ ಹೊತ್ತಿಗೆ ನೀರು ಮೊಣಕಾಲಿಗೂ ಬಂದಿರುವುದಿಲ್ಲ.

ನಾನು ಬ್ಯಾಪ್ಟಿಸ್ಟ್, ಪ್ರೊಟೆಸ್ಟೆಂಟ್ ಕ್ರೈಸ್ತರಲ್ಲಿ ಒಂದು ಪಂಗಡದವನು. ಕರ್ನಾಟಕದಲ್ಲಿ ಹಾಗಂದರೆ ಜನ ಕೇಳುವ ಮೊದಲ ಪ್ರಶ್ನೆ, "ಅಂದ್ರೆ ಸಿಎಸ್‌ಐ ತರಹಾನಾ?" ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಬಿಷಪ್ಪರಿರುವ ದೊಡ್ಡ ಸಭೆ. ಎರಡನೆಯ ಪ್ರಶ್ನೆ, "ನಿಮ್ಮ ಬಿಷಪ್ ಯಾರು?" ಸಿಎಸ್‌ಐ ಅಲ್ಲ, ಬಿಷಪ್ ಇಲ್ಲ ಅಂದಾಗ ಎದುರಿಗಿದ್ದವರ ಮುಖದಲ್ಲಿ ಸಣ್ಣ ಅನುಮಾನ ಮೂಡುತ್ತದೆ. ಹಾಗಾದರೆ ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ ಅನ್ನುವ ಹಾಗೆ.

ನಮ್ಮ ಮನೆಯವರು ಹುಟ್ಟಿನಿಂದ ಸಿಎಸ್‌ಐ. ಮೂರು ತಿಂಗಳ ಕೂಸಾಗಿದ್ದಾಗ ನನ್ನನ್ನು ಬಿಳಿ ಅಂಗಿಯಲ್ಲಿ ಸುತ್ತಿ ಚರ್ಚಿಗೆ ಒಯ್ದು, ಅಯ್ಯನವರು ಹಣೆಗೆ ನೀರು ಚಿಮುಕಿಸಿದರಂತೆ. ಫೋಟೋ ಇದೆ. ನೆನಪು ಮಾತ್ರ ಇಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ಈ ತೊಟ್ಟಿಗೆ ಇಳೀತೀನಿ ಅಂದಾಗ ನಮ್ಮಜ್ಜಿ ಒಂದೇ ಮಾತು ಕೇಳಿದರು: "ಹಾಗಾದ್ರೆ ಮೊದಲನೇದು ಸುಳ್ಳೇನೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಳ್ಳಲ್ಲ ಅಜ್ಜಿ, ಅದು ನಿಮ್ಮ ನಂಬಿಕೆ, ಇದು ನಂದು, ಅಂದೆ. ಅವರಿಗೆ ಅದು ಸಮಾಧಾನ ಕೊಡಲಿಲ್ಲ.

ಆದರೆ ಬ್ಯಾಪ್ಟಿಸ್ಟರ ವಿಚಾರವೆಲ್ಲ ಇರುವುದು ಆ ಒಂದು ಮಾತಿನಲ್ಲೇ. ದೀಕ್ಷಾಸ್ನಾನ ಅನ್ನುವುದು ನಂಬಿದವನು ತನ್ನ ಬಾಯಲ್ಲಿ ತಾನೇ ಒಪ್ಪಿ ಪಡೆಯುವಂಥದ್ದು. ಅವನ ಪರವಾಗಿ ಅಪ್ಪ ಅಮ್ಮ ಒಪ್ಪಿಕೊಳ್ಳುವ ಹಾಗಿಲ್ಲ. ಇದನ್ನು ಒಪ್ಪಿದ ಮೇಲೆ ಮಿಕ್ಕದ್ದೆಲ್ಲ ಒಂದರ ಹಿಂದೆ ಒಂದು ಬರುತ್ತದೆ. ಹೆತ್ತವರೇ ಒಪ್ಪಿಕೊಳ್ಳೋಕೆ ಆಗದ್ದನ್ನು ಪಾದ್ರಿ ಹೇಗೆ ಒಪ್ಪಿಸುತ್ತಾನೆ? ಪಾದ್ರಿಗೆ ಆಗದ್ದು ರಾಜನಿಗೆ ಹೇಗೆ ಆಗುತ್ತದೆ?

ಈ ಪ್ರಶ್ನೆಯನ್ನು ರಾಜನಿಗೇ ಕೇಳಿದ ಒಬ್ಬ ಮನುಷ್ಯ ಇದ್ದ. ಹೆಸರು ಥಾಮಸ್ ಹೆಲ್ವಿಸ್. ಇಂಗ್ಲೆಂಡಿನಲ್ಲಿ ಕಾನೂನು ಓದಿದವನು, ಜಮೀನಿದ್ದವನು. ಆ ಕಾಲದ ಇಂಗ್ಲೆಂಡಿನಲ್ಲಿ ರಾಜನ ಚರ್ಚಿಗೆ ಹೋಗದವರಿಗೆ ದಂಡ, ಜೈಲು. ಹಾಗಾಗಿ ಹೆಲ್ವಿಸ್, ಜಾನ್ ಸ್ಮಿತ್ ಎಂಬ ಬೋಧಕ ಮತ್ತು ಅವರ ಸಣ್ಣ ಗುಂಪು ಹಾಲೆಂಡಿಗೆ ಓಡಿಹೋಗಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಹಿಂದೆ ಬೇಕರಿಯಾಗಿದ್ದ ಒಂದು ಕಟ್ಟಡದಲ್ಲಿ ಸೇರಿಕೊಂಡರು. ಅಲ್ಲಿ 1609ರಲ್ಲಿ ಸ್ಮಿತ್ ಒಂದು ವಿಚಿತ್ರ ಕೆಲಸ ಮಾಡಿದ. ಕೂಸಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲ ಅಂದ ಮೇಲೆ, ಸರಿಯಾದ ದೀಕ್ಷಾಸ್ನಾನ ಆದವರು ಅಲ್ಲಿ ಯಾರಿದ್ದಾರೆ? ಯಾರ ಕೈಯಿಂದ ಪಡೆಯೋದು? ಯಾರೂ ಇಲ್ಲ ಅಂತ ತನ್ನ ತಲೆಗೆ ತಾನೇ ನೀರು ಸುರಿದುಕೊಂಡ. ಆಮೇಲೆ ಹೆಲ್ವಿಸ್‌ಗೆ, ಉಳಿದವರಿಗೆ. ಮುಳುಗಿಸುವ ರೂಢಿ ಬಂದದ್ದು 1640ರ ಆಸುಪಾಸಿನಲ್ಲಿ. ನಮ್ಮ ತೊಟ್ಟಿಯ ಬಗ್ಗೆ ಜಂಬ ಪಡುವವರಿಗೆ ನಾನು ಇದನ್ನು ಆಗಾಗ ನೆನಪಿಸುತ್ತೇನೆ. ಅವರಿಗೆ ಇಷ್ಟವಾಗುವುದಿಲ್ಲ.

ಸ್ಮಿತ್‌ಗೆ ಆಮೇಲೆ ತಾನು ಮಾಡಿದ್ದು ಸರಿಯೇ ಅಂತ ಅನುಮಾನ ಬಂತು. ಇಬ್ಬರೂ ಬೇರೆಯಾದರು. ಹೆಲ್ವಿಸ್ ಒಂದು ನಿರ್ಧಾರಕ್ಕೆ ಬಂದ: ಓಡಿಬಂದದ್ದೇ ತಪ್ಪು, ವಾಪಸ್ ಹೋಗಬೇಕು. ಹೋದ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಭೆ ಶುರುಮಾಡಿದ. ಇಂಗ್ಲೆಂಡಿನ ನೆಲದ ಮೇಲೆ ಅದೇ ಮೊದಲ ಬ್ಯಾಪ್ಟಿಸ್ಟ್ ಸಭೆ. 1612ರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿ, ಅದರ ಒಂದು ಪ್ರತಿಯಲ್ಲಿ ತನ್ನ ಕೈಯಾರೆ ಜೇಮ್ಸ್ ರಾಜನಿಗೆ ನಾಲ್ಕು ಮಾತು ಬರೆದ. ಅದರ ತಾತ್ಪರ್ಯ ಇಷ್ಟೇ: ದೊರೆಯೇ, ನೀನು ಸಾಯುವ ಮನುಷ್ಯ, ದೇವರಲ್ಲ, ನಿನ್ನ ಪ್ರಜೆಗಳ ಸಾಯದ ಆತ್ಮದ ಮೇಲೆ ನಿನಗೆ ಅಧಿಕಾರ ಇಲ್ಲ. ಆ ಪ್ರತಿ ಇವತ್ತಿಗೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಹೆಲ್ವಿಸ್ ತನ್ನ ಗುಂಪಿಗೆ ಮಾತ್ರ ಬಿಡುಗಡೆ ಕೇಳಲಿಲ್ಲ ನೋಡಿ. ಪಾಷಂಡಿಗಳಿರಲಿ, ತುರ್ಕರಿರಲಿ, ಯೆಹೂದ್ಯರಿರಲಿ, ಧರ್ಮದ ವಿಷಯಕ್ಕೆ ಅವರನ್ನು ಎಳ್ಳಷ್ಟೂ ದಂಡಿಸುವ ಹಕ್ಕು ಭೂಮಿಯ ದೊರೆಗೆ ಇಲ್ಲ ಅಂತ ಬರೆದ. ಆಗ ತುರ್ಕರು ಅಂದರೆ ಮುಸಲ್ಮಾನರು. 1612ರಲ್ಲಿ ಹೀಗೆ ಬರೆಯೋಕೆ ಗುಂಡಿಗೆ ಬೇಕು. ರಾಜ ಅವನನ್ನು ನ್ಯೂಗೇಟ್ ಜೈಲಿಗೆ ಹಾಕಿಸಿದ. 1616ರ ಹೊತ್ತಿಗೆ ಹೆಲ್ವಿಸ್ ತೀರಿಹೋಗಿದ್ದ.

ಅದೇ ಜೇಮ್ಸ್ ರಾಜನ ಹೆಸರಿನ ಬೈಬಲ್ ಬಂದದ್ದು 1611ರಲ್ಲಿ. ಅದನ್ನು ಎದೆಗವಚಿಕೊಂಡು ಬೆಳೆದವರಲ್ಲಿ ಬ್ಯಾಪ್ಟಿಸ್ಟರೂ ಬಹಳ ಜನ. ಜೈಲಿಗೆ ಹಾಕಿದ ದೊರೆಯ ಹೆಸರು, ಜೈಲಿಗೆ ಹೋದವರ ಮೊಮ್ಮಕ್ಕಳ ಕಂಕುಳಲ್ಲಿ.

ಸತ್ಯವೇದದ, ಅಂದರೆ ಬೈಬಲ್ಲಿನ ವಿಷಯಕ್ಕೇ ಬರೋಣ. ನಮ್ಮಲ್ಲಿ ವಾದ ಎದ್ದಾಗ ಕೊನೆಗೆ ಬರುವ ಮಾತು, "ವಾಕ್ಯ ಎಲ್ಲಿದೆ?" ಸಂಪ್ರದಾಯ ಹೀಗಿದೆ, ಹಿರಿಯರು ಹೀಗಂದರು ಅಂದರೆ ನಡೆಯುವುದಿಲ್ಲ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ ಬೆರೋಯ ಎಂಬ ಊರಿನವರ ಕಥೆ ಬರುತ್ತದೆ. ಸಾಕ್ಷಾತ್ ಅಪೊಸ್ತಲ ಪೌಲನೇ ಬಂದು ಬೋಧಿಸಿದರೂ ಅವರು, ಇವನು ಹೇಳಿದ್ದು ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ಅಂತ ದಿನಾ ಹುಡುಕಿ ನೋಡುತ್ತಿದ್ದರು. ಬ್ಯಾಪ್ಟಿಸ್ಟರಿಗೆ ಆ ಊರಿನವರೆಂದರೆ ತುಂಬಾ ಅಭಿಮಾನ. ನಮ್ಮ ಸಭೆಯಲ್ಲೂ ಪ್ರಸಂಗ ನಡೆಯುವಾಗ ಹಿಂದಿನ ಸಾಲಿನ ಒಬ್ಬ ಅಮ್ಮ ಕನ್ನಡಕ ಏರಿಸಿಕೊಂಡು ಪುಟ ತಿರುವುತ್ತಲೇ ಇರುತ್ತಾರೆ. ಆ ಪುಟದ ಸದ್ದಿಗೆ ಹೆದರದ ಪಾಸ್ಟರನ್ನು ನಾನು ನೋಡಿಲ್ಲ.

ಪ್ರತಿಯೊಬ್ಬರೂ ಓದಿ ನೋಡಬೇಕು ಅಂದರೆ ಓದುವ ಭಾಷೆಯಲ್ಲಿ ಪುಸ್ತಕ ಬೇಕಲ್ಲ. ಇಲ್ಲಿ ಕನ್ನಡದ ನಂಟು ಬರುತ್ತದೆ. ವಿಲಿಯಂ ಕೇರಿ ಇಂಗ್ಲೆಂಡಿನ ಚಪ್ಪಲಿ ಹೊಲೆಯುವವನು, ಆಮೇಲೆ ಬ್ಯಾಪ್ಟಿಸ್ಟ್ ಸಭಾಪಾಲಕ. 1793ರಲ್ಲಿ ಬಂಗಾಳಕ್ಕೆ ಬಂದ. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಡವಾಗಿತ್ತು, ವ್ಯಾಪಾರ ಕೆಡುತ್ತದೆ ಅಂತ. ಕೊನೆಗೆ ಅವನಿಗೂ ಅವನ ಜೊತೆಗಾರರಿಗೂ ಜಾಗ ಕೊಟ್ಟದ್ದು ಡೆನ್ಮಾರ್ಕಿನ ಬಾವುಟ ಹಾರುತ್ತಿದ್ದ ಸೇರಾಂಪುರ, 1800ರಲ್ಲಿ. ಬ್ರಿಟಿಷರು ಕ್ರೈಸ್ತಮತ ಹರಡೋಕೆ ಇವರನ್ನು ಕಳಿಸಿದರು ಅಂತ ಸುಮ್ನೆ ಹೇಳುವವರಿದ್ದಾರೆ. ಕೇರಿಯ ವಿಷಯದಲ್ಲಿ ನಡೆದದ್ದು ಉಲ್ಟಾ.

ಸೇರಾಂಪುರದ ಅಚ್ಚುಕೂಟದಲ್ಲಿ ಒಂದರ ಮೇಲೊಂದು ಭಾಷೆ. 1812ರ ಮಾರ್ಚಿನಲ್ಲಿ ಅದಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಮೊಳೆ, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಹೋದವು. ಅದರಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ, ಅಂದರೆ ಬೈಬಲ್ಲಿನ ಎರಡನೇ ಭಾಗವೂ ಇತ್ತು. ಮತ್ತೆ ಕೂತರು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಲ್ಲಿಂದಲೇ ಅಚ್ಚಾಗಿ ಬಂತು. ಬಂಗಾಳದಲ್ಲೇ ಬದುಕಿ ಬಂಗಾಳದಲ್ಲೇ ಸತ್ತ ಮನುಷ್ಯ ಕನ್ನಡಕ್ಕೆ ವ್ಯಾಕರಣ ಬರೆದ. ಕನ್ನಡದ ಪೂರ್ತಿ ಬೈಬಲ್ ಸಿದ್ಧವಾದದ್ದು ಮಾತ್ರ ಬಳ್ಳಾರಿಯಲ್ಲಿ, 1831ರ ಹೊತ್ತಿಗೆ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಕೈಯಲ್ಲಿ. ಅವರು ಬ್ಯಾಪ್ಟಿಸ್ಟರಲ್ಲ. ಆ ಹಿರಿಮೆ ಅವರಿಗೇ ಸಲ್ಲಬೇಕು.

ಇನ್ನು ನಾಯಕತ್ವ. ಬಿಷಪ್ ಇಲ್ಲದೆ ಹೇಗೆ ನಡೆಯುತ್ತದೆ ಅಂದರೆ, ಓಟಿನಿಂದ. ಪ್ರತಿ ಸಭೆಯೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಪಾಸ್ಟರನ್ನು ಮೇಲಿನಿಂದ ಯಾರೂ ಕಳಿಸುವುದಿಲ್ಲ, ಸಭೆಯೇ ಕರೆಯುತ್ತದೆ. ಬೇಡವಾದರೆ ಸಭೆಯೇ ಕಳಿಸುತ್ತದೆ. ದೀಕ್ಷಾಸ್ನಾನ ಆದ ಎಲ್ಲರಿಗೂ ಒಂದೊಂದು ಓಟು. ಕಳೆದ ಸಲ ಪಾಸ್ಟರನ್ನು ಆರಿಸುವಾಗ ನಮ್ಮಲ್ಲಿ ಬ್ಯಾಂಕ್ ಮ್ಯಾನೇಜರ್ ಒಬ್ಬರು ಎದ್ದು ಅಭ್ಯರ್ಥಿಯ ಡಿಗ್ರಿಗಳ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಆಮೇಲೆ ಹೂ ಮಾರುವ ಒಬ್ಬ ಅಮ್ಮ ಎದ್ದರು. "ಎಲ್ಲಾ ಸರಿ ಸ್ವಾಮಿ, ಕಾಯಿಲೆ ಬಿದ್ದೋರ ಮನೇಗೆ ಬರ್ತಾರಾ ಅಂತ ಯಾರಾದ್ರೂ ಕೇಳಿದ್ರಾ?" ಯಾರೂ ಕೇಳಿರಲಿಲ್ಲ. ಓಟು ಮುಂದಿನ ತಿಂಗಳಿಗೆ ಹೋಯಿತು.

ಇದರಲ್ಲಿ ಕಿರಿಕಿರಿ ಇಲ್ಲ ಅಂತಲ್ಲ. ಜಗಳ ಆದರೆ ಬಿಡಿಸೋಕೆ ಮೇಲೆ ಯಾರೂ ಇಲ್ಲ. ಗುಂಪು ಒಡೆಯುತ್ತದೆ, ಪಕ್ಕದ ಬೀದಿಯಲ್ಲಿ ಇನ್ನೊಂದು ಬೋರ್ಡು ಏಳುತ್ತದೆ. ಹೆಂಗಸರು ಪಾಸ್ಟರ್ ಆಗಬಹುದೇ ಅನ್ನುವುದಕ್ಕೆ ಜಗತ್ತಿನ ಬ್ಯಾಪ್ಟಿಸ್ಟರ ಹತ್ತಿರ ಒಂದು ಉತ್ತರ ಇಲ್ಲ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ 2000ದಲ್ಲಿ ತನ್ನ ನಂಬಿಕೆಯ ಹೇಳಿಕೆಯಲ್ಲಿ ಆ ಹುದ್ದೆ ಗಂಡಸರಿಗೆ ಮಾತ್ರ ಅಂತ ಬರೆಯಿತು. ಅದೇ ವರ್ಷ ಅಮೆರಿಕದ ಮಾಜಿ ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್ ಆ ಒಕ್ಕೂಟದ ನಂಟು ಬಿಟ್ಟರು. ಓದುವವರೆಲ್ಲ ಓದಲಿ ಅಂತ ಪುಸ್ತಕ ಕೈಗೆ ಕೊಟ್ಟಮೇಲೆ, ಓದಿದ ಹೆಂಗಸು ಬಾಯಿ ಮುಚ್ಚಿಕೊಂಡು ಕೂರಬೇಕು ಅನ್ನುವುದು ನನಗಂತೂ ಒಪ್ಪಿಗೆಯಾಗಿಲ್ಲ. ನಮ್ಮ ಸಭೆಯಲ್ಲೇ ಎಷ್ಟೋ ಜನ ಇದನ್ನು ಕೇಳಿ ರೇಡಿಯೋ ಆರಿಸಬಹುದು.

ಇರಲಿ. ಈಗ ಒಂದು ಚೀಸಿನ ಕಥೆ ಹೇಳುತ್ತೇನೆ.

ಅಮೆರಿಕಕ್ಕೆ ಹೋದ ಬ್ಯಾಪ್ಟಿಸ್ಟರಿಗೆ ಅಲ್ಲೂ ನೆಮ್ಮದಿ ಇರಲಿಲ್ಲ. ತಾವೇ ಹಿಂಸೆ ತಡೆಯಲಾರದೆ ಇಂಗ್ಲೆಂಡ್ ಬಿಟ್ಟುಬಂದ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತರು 1651ರಲ್ಲಿ ಬಾಸ್ಟನ್ನಿನಲ್ಲಿ ಒಬೆಡಾಯ ಹೋಮ್ಸ್ ಎಂಬ ಬ್ಯಾಪ್ಟಿಸ್ಟನಿಗೆ ಬೀದಿಯಲ್ಲಿ ಮೂವತ್ತು ಚಾಟಿ ಏಟು ಹಾಕಿಸಿದರು. ಗುಲಾಬಿಯಲ್ಲಿ ಹೊಡೆದ ಹಾಗಿತ್ತು ಅಂದನಂತೆ ಅವನು. ಸ್ವಾತಂತ್ರ್ಯ ಬಂದ ಮೇಲೂ ಕನೆಕ್ಟಿಕಟ್‌ನಲ್ಲಿ ಸರ್ಕಾರಿ ಚರ್ಚು, ಅದರ ತೆರಿಗೆ. ಬ್ಯಾಪ್ಟಿಸ್ಟರು ವಿನಾಯಿತಿ ಬೇಕಾದರೆ ಸರ್ಟಿಫಿಕೇಟ್ ಕೊಡಬೇಕಿತ್ತು. ನಾನು ನಂಬುತ್ತೇನೆ ಅನ್ನುವುದಕ್ಕೂ ಅರ್ಜಿ ಬರೆಯುವ ಪಾಡು. ಅಲ್ಲಿನ ಡ್ಯಾನ್‌ಬರಿ ಕಡೆಯ ಬ್ಯಾಪ್ಟಿಸ್ಟರು 1801ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜೆಫರ್ಸನ್‌ಗೆ ಕಾಗದ ಬರೆದರು.

ಹೊತ್ತಿಗೆ ಸರಿಯಾಗಿ ಪಕ್ಕದ ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಹಳ್ಳಿಯಲ್ಲಿ ಜಾನ್ ಲೆಲ್ಯಾಂಡ್ ಎಂಬ ಬ್ಯಾಪ್ಟಿಸ್ಟ್ ಬೋಧಕ ಊರಿನವರನ್ನೆಲ್ಲ ಸೇರಿಸಿ ಒಂದೇ ಒಂದು ಚೀಸಿನ ಗಾಲಿ ಮಾಡಿಸಿದ್ದ. ಇಡೀ ಊರಿನ ಹಸುಗಳ ಹಾಲು. ಎದುರು ಪಕ್ಷದವರ ಹಸುವಿನ ಹಾಲು ಮಾತ್ರ ಬೇಡ ಅಂದಿದ್ದರು ಅಂತ ಕಥೆ. ಅಷ್ಟು ದೊಡ್ಡದನ್ನು ಹಿಂಡೋಕೆ ಸೇಬಿನ ರಸ ಹಿಂಡುವ ಯಂತ್ರ ತಂದರು. ತೂಕ 1235 ಪೌಂಡ್, ಅಂದರೆ ಐದೂವರೆ ಕ್ವಿಂಟಲ್‌ಗೂ ಜಾಸ್ತಿ. ಇದರಲ್ಲಿ ಒಬ್ಬ ಗುಲಾಮನ ಬೆವರೂ ಇಲ್ಲ ಅಂತ ಜೊತೆಗೆ ಹೇಳಿಕಳಿಸಿದರು. ಗುಲಾಮರನ್ನು ಇಟ್ಟುಕೊಂಡಿದ್ದ ಜೆಫರ್ಸನ್‌ಗೆ ಅದು ಚುಚ್ಚಿತೋ ಇಲ್ಲವೋ. 1802ರ ಜನವರಿ 1ರಂದು ಲೆಲ್ಯಾಂಡ್ ಅದನ್ನು ಅಧ್ಯಕ್ಷರ ಮನೆಗೇ ಮುಟ್ಟಿಸಿದ. ಅದೇ ದಿನ ಜೆಫರ್ಸನ್ ಡ್ಯಾನ್‌ಬರಿಯವರಿಗೆ ಉತ್ತರ ಬರೆದರು. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಅನ್ನುವ ಪ್ರಸಿದ್ಧ ಮಾತು ಇರುವುದು ಆ ಉತ್ತರದಲ್ಲೇ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಮ್ಮವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆದರೆ 1845ರಲ್ಲಿ ಜಾರ್ಜಿಯಾದ ಆಗಸ್ಟಾದಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಬೇರೆಯಾದದ್ದು ಯಾಕೆ? ಗುಲಾಮರ ಒಡೆಯನೂ ಮಿಷನರಿ ಆಗಬಹುದು ಅನ್ನುವ ಹಟಕ್ಕೆ. ಅವರ ಕೈಯಲ್ಲೂ ಅದೇ ಸತ್ಯವೇದ, ಬಾಯಲ್ಲೂ ಅದೇ ಸ್ವಾತಂತ್ರ್ಯ. ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷ ಆದಮೇಲೆ. ಅಷ್ಟರೊಳಗೆ ಮಾರ್ಟಿನ್ ಲೂಥರ್ ಕಿಂಗ್ ಎಂಬ ಇನ್ನೊಬ್ಬ ಬ್ಯಾಪ್ಟಿಸ್ಟ್ ಪಾಸ್ಟರ್ ಗುಂಡೇಟಿಗೆ ಸತ್ತೂ ಆಗಿತ್ತು.

ನಮ್ಮ ದೇಶದಲ್ಲೇ ನಾಗಾಲ್ಯಾಂಡ್ ನೋಡಿ. 2011ರ ಜನಗಣತಿಯಂತೆ ಅಲ್ಲಿ ನೂರಕ್ಕೆ 88 ಜನ ಕ್ರೈಸ್ತರು, ಅವರಲ್ಲಿ ಬಹುಪಾಲು ಬ್ಯಾಪ್ಟಿಸ್ಟರು. ಚರ್ಚುಗಳ ಒತ್ತಾಯದಿಂದ 1989ರಲ್ಲಿ ಪೂರ್ಣ ಪಾನನಿಷೇಧದ ಕಾನೂನು ಬಂತು. ಈಚೆಗೆ ಅದನ್ನು ತೆಗೆಯಬೇಕೆಂಬ ಮಾತು ಎದ್ದಾಗಲೆಲ್ಲ ಬೇಡ ಎಂದು ಮೊದಲು ನಿಂತದ್ದೂ ಚರ್ಚುಗಳೇ. ಕುಡಿತ ಮನೆ ಹಾಳುಮಾಡುತ್ತದೆ, ಅದು ಧರ್ಮದ ಮಾತಲ್ಲ, ಸಮಾಜದ ಮಾತು ಅಂತ ಅವರ ವಾದ. ಇರಬಹುದು. ಆದರೂ ಹೆಲ್ವಿಸ್‌ನ ಮಾತು ಓದಿದವನಿಗೆ ಒಂದು ಮುಳ್ಳು ಚುಚ್ಚುತ್ತದೆ. ನೂರರಲ್ಲಿ ಒಬ್ಬರಾಗಿದ್ದಾಗ ದೊರೆಯ ಕೈ ದೂರ ಇರಲಿ ಅನ್ನುವುದು ಸುಲಭ. ಎಂಬತ್ತೆಂಟು ಆದಾಗ ಆ ಕೈ ನಮ್ಮದೇ ಆಗಿರುತ್ತದೆ, ಅಲ್ವಾ?

ನಮ್ಮ ಸಂವಿಧಾನದ 25ನೇ ವಿಧಿ ಧರ್ಮಸ್ವಾತಂತ್ರ್ಯದ ಮಾತನ್ನು ಶುರುಮಾಡುವುದೇ ಮನಸ್ಸಾಕ್ಷಿಯಿಂದ. ಆಚರಣೆ, ಪ್ರಚಾರ ಎಲ್ಲ ಆಮೇಲೆ. ಆ ಹಕ್ಕು ಇರುವುದೂ ಎಲ್ಲ ವ್ಯಕ್ತಿಗಳಿಗೆ, ಬರೀ ನಾಗರಿಕರಿಗಲ್ಲ. ಗುಂಪಿಗಿಂತ ಮೊದಲು ಒಬ್ಬೊಬ್ಬ ಮನುಷ್ಯ. ಇದನ್ನು ಓದಿದಾಗಲೆಲ್ಲ ನನಗೆ ತೊಟ್ಟಿಯ ಮೆಟ್ಟಿಲು ನೆನಪಾಗುತ್ತದೆ. ಅದರಲ್ಲಿ ಇಬ್ಬರು ಒಟ್ಟಿಗೆ ಇಳಿಯೋಕೆ ಜಾಗ ಇಲ್ಲ. ಕೆಳಗೆ ನಿಂತ ಪಾಸ್ಟರ್ ಕೇಳುತ್ತಾರೆ, "ಯಾರಾದರೂ ಒತ್ತಾಯ ಮಾಡಿದ್ದಾರಾ?" ನನ್ನ ಸರದಿ ಬಂದಾಗಲೂ ಕೇಳಿದರು. ಇಲ್ಲ ಅಂದೆ. ಅಜ್ಜಿ ಎರಡನೇ ಸಾಲಿನಲ್ಲಿ ಕೂತಿದ್ದರು. ಬರಲ್ಲ ಅಂದವರು ಬಂದಿದ್ದರು, ಮುಖ ಗಂಟು ಹಾಕಿಕೊಂಡು, ಮಡಿಲಲ್ಲಿ ಮನೆಯಿಂದ ತಂದ ಒಂದು ಟವಲ್ ಇಟ್ಟುಕೊಂಡು.

ಆ ತೊಟ್ಟಿ ಈಗ ಸೋರುತ್ತಿದೆ. ರಾತ್ರಿ ತುಂಬಿಸಿದರೆ ಬೆಳಗ್ಗೆಗೆ ಒಂದು ಮೆಟ್ಟಿಲು ಕಮ್ಮಿ. ಮುಂದಿನ ಭಾನುವಾರ ಸದಸ್ಯರ ಸಭೆ ಕರೆದಿದ್ದಾರೆ. ಹಳೇ ತೊಟ್ಟಿಗೇ ಗಾರೆ ಮಾಡಿಸೋದಾ, ಒಡೆದು ಹೊಸದು ಕಟ್ಟೋದಾ ಅಂತ ಓಟು. ಮೇಸ್ತ್ರಿ ಹೇಳಿದ ರೇಟು ಜಾಸ್ತಿಯಾಯ್ತು ಅಂತ ಈಗಾಗಲೇ ಎರಡು ಗುಂಪಾಗಿವೆ. ಹೂವಿನಮ್ಮ ಇನ್ನೂ ಬಾಯಿ ಬಿಟ್ಟಿಲ್ಲ.

ನಮಸ್ಕಾರ.